ಒಂಟಿದೀಪದ ಮೂರನೆಯ ಭಾಗ

ಟೀವಿ ಹಾಕಿ ವಿಡಿಯೊ ಆಟದ ಕನ್ಸೋಲ್ ಚಾಲೂ ಮಾಡಿದ ಕೂಡಲೇ ಮೊದಲು ಕಾಣುತ್ತಿದ್ದುದು ಒಂದು ದೀಪಸ್ತಂಭ. ಸುತ್ತ ಕಪ್ಪು ಕಡಲು, ಬುಡದಲ್ಲಿ ಬಂಡೆ, ತುದಿಯಲ್ಲಿ ಹೊತ್ತದ ದೀಪ. ಆಟವನ್ನು ಕೊನೆ ಮುಟ್ಟಿಸಿದವರ ಕನ್ಸೋಲಿನಲ್ಲಿ ಮಾತ್ರ ಆ ದೀಪ ಹೊತ್ತಿಕೊಳ್ಳುತ್ತದೆ, ಆಮೇಲೆ ಯಾವಾಗ ಹಾಕಿದರೂ ಉರಿಯುತ್ತಲೇ ಇರುತ್ತದೆ ಎಂದು ಡಬ್ಬಿಯ ಬೆನ್ನ ಮೇಲೆ ಬರೆದಿತ್ತು. ನಮ್ಮ ಮನೆಯಲ್ಲಿ ಅದು ಒಮ್ಮೆಯೂ ಹೊತ್ತಲಿಲ್ಲ. ಅದಕ್ಕೆ ಕಾರಣ ನನ್ನ ಅಕ್ಕ ಚಂಪಕಾ.

ಆಟಕ್ಕೆ ಬಾಯಿಗೆ ಬಾರದ ಉದ್ದನೆಯ ಹೆಸರೊಂದಿತ್ತು. ನಾವು ಅದನ್ನು ಒಂಟಿದೀಪ ಎನ್ನುತ್ತಿದ್ದೆವು. ಇಬ್ಬರು ಕೂತು ಆಡುವ ಆಟ. ಒಬ್ಬರು ದೋಣಿಯ ಚುಕ್ಕಾಣಿ ಹಿಡಿಯಬೇಕು, ಇನ್ನೊಬ್ಬರು ದೀಪ. "ಚಿಕ್ಕೋರು ದೀಪ ಹಿಡೀಬೇಕು" ಎಂದು ಅಕ್ಕ ಮೊದಲ ದಿನವೇ ಕಾನೂನು ಮಾಡಿದಳು. ಹಾಗಾಗಿ ಚುಕ್ಕಾಣಿ ಅವಳದಾಯಿತು, ದೋಣಿಯಲ್ಲಿ ನಿಂತ ದೀಪದ ಹುಡುಗಿ ನನ್ನ ಪಾಲಿಗೆ ಬಂದಳು. ನನ್ನ ಕೆಲಸವೆಂದರೆ ಒಂದೇ ಗುಂಡಿಯನ್ನು ಒತ್ತಿ ಹಿಡಿದಿರುವುದು. ಮೂಗು ತುರಿಸಿಕೊಳ್ಳಲು ಬೆರಳು ತೆಗೆದರೆ ದೀಪ ಆರಿ ದೋಣಿ ಬಂಡೆಗೆ ಬಡಿಯುತ್ತಿತ್ತು. ನನ್ನ ಮೂಗಿನ ದೆಸೆಯಿಂದ ನಾವು ಬಹಳ ಸಲ ಮುಳುಗಿದ್ದೇವೆ.

ಕೊನೆಯ ಘಟ್ಟದಲ್ಲಿ ಬಿರುಗಾಳಿ ಬರುತ್ತದೆ. ದೀಪದ ಹುಡುಗಿ ಬಂಡೆಯ ಮೇಲೆ ಇಳಿದು ದೀಪ ಎತ್ತಿ ಹಿಡಿಯಬೇಕು, ಅದರ ಬೆಳಕಿನಲ್ಲಿ ದೋಣಿ ದಡ ಸೇರಬೇಕು. ಅವಳು ಮಾತ್ರ ಅಲ್ಲೇ ಉಳಿಯುತ್ತಾಳೆ. ಅದೇ ಗೆಲುವು. ಅಕ್ಕ ಅದನ್ನು ಒಪ್ಪಲಿಲ್ಲ. ದಡ ಕಣ್ಣಿಗೆ ಕಾಣುತ್ತಿರುವಾಗಲೇ ದೋಣಿಯನ್ನು ಬಂಡೆಯ ಕಡೆಗೆ ತಿರುಗಿಸಿಬಿಡುತ್ತಿದ್ದಳು, ದೋಣಿ ಒಡೆದು ಇಬ್ಬರೂ ನೀರು ಪಾಲಾಗುತ್ತಿದ್ದೆವು.

"ಅದು ಆಟ ಕಣೇ ಅಕ್ಕಾ," ಎಂದು ನಾನು ಗೋಗರೆಯುತ್ತಿದ್ದೆ.

"ಆ ಹುಡುಗೀನ ಬಂಡೆ ಮೇಲೆ ಬಿಟ್ಟು ಬರೋದು ಯಾವ ಸೀಮೆ ಗೆಲುವು? ಬೇಕಿದ್ರೆ ಮತ್ತೆ ಮುಳುಗೋಣ."

ಮತ್ತೆ ಮುಳುಗುತ್ತಿದ್ದೆವು. ಮತ್ತೆ ಆ ಕತ್ತಲ ದೀಪಸ್ತಂಭ ಬರುತ್ತಿತ್ತು.

ದೊಡ್ಡವರಾದ ಮೇಲೂ ಈ ಚಟ ನಮ್ಮನ್ನು ಬಿಡಲಿಲ್ಲ. ಅಕ್ಕ ಮದುವೆಯಾಗಲಿಲ್ಲ. ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿ, ಅದರ ಮೇಲಿನ ಎರಡು ಕೋಣೆಗಳಲ್ಲೇ ಸಂಸಾರ ಹೂಡಿದಳು. ನಾನು ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದೆ, ನನಗೂ ಒಂದು ಕನ್ಸೋಲ್ ಇತ್ತು. ಆದರೆ ಭಾನುವಾರ ಮಧ್ಯಾಹ್ನ ಎಂದರೆ ಅಕ್ಕನ ಮನೆ. ಒಗ್ಗರಣೆ ಅವಲಕ್ಕಿ ತಿಂದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಅವಳು ಕಂಟ್ರೋಲರ್ ಮುಟ್ಟಲು ಬಿಡುತ್ತಿರಲಿಲ್ಲ. ತೊಳೆದು ಬಂದರೂ ಮೂಸಿ ನೋಡುತ್ತಿದ್ದಳು. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ಎರಡು ಕಂಟ್ರೋಲರನ್ನೂ ಒರೆಸಿ, ಒಂದನ್ನು ನನ್ನ ತೊಡೆಯ ಮೇಲೆ ಇಡುತ್ತಿದ್ದಳು. ಆಯುಧಪೂಜೆಗೆ ಗಾಜು ಉಜ್ಜುವ ಯಂತ್ರಕ್ಕೆ ಇಟ್ಟಂತೆಯೇ ಕನ್ಸೋಲಿಗೂ ಕುಂಕುಮ ಇಟ್ಟು ಚೆಂಡುಹೂ ಏರಿಸುತ್ತಿದ್ದಳು. ಆ ದಿನ ಆಡುವಂತಿರಲಿಲ್ಲ. "ಅದೂ ಒಂದಿನ ಸುಧಾರಿಸಿಕೊಳ್ಳಲಿ" ಎನ್ನುತ್ತಿದ್ದಳು.

ಒಂಟಿದೀಪದ ಎರಡನೆಯ ಭಾಗ ಬಂದಾಗ ಅವಳು ಕೆಂಡವಾದಳು. ಶುರುವಿನಲ್ಲಿ ಅದೇ ಹೊತ್ತದ ದೀಪಸ್ತಂಭ, ಆಮೇಲೆ ಹತ್ತಾರು ಹಡಗು, ಫಿರಂಗಿ, ಕಡಲ್ಗಳ್ಳರು, ಬಂಗಾರ. ಬಂಡೆಯ ಮೇಲಿನ ಹುಡುಗಿಯ ಸುದ್ದಿಯೇ ಇಲ್ಲ. "ಇದು ಸಮುದ್ರ ಅಲ್ಲ ಕಣೋ, ಸಂತೆ" ಎಂದಳು. ವರ್ಷಗಟ್ಟಲೆ ಬೈದಳು, ಬೈಯುತ್ತಲೇ ಆಡಿ ಮುಗಿಸಿ ಆ ಭಾಗದ ದೀಪ ಹೊತ್ತಿಸಿದಳು. ಮೂರನೆಯ ಭಾಗ ಬರುತ್ತದೆಂಬ ಸುದ್ದಿ ಹುಟ್ಟಿದ್ದೇ ತಡ, ಎರಡನೆಯದರಲ್ಲಿ ಗುಣಗಳು ಕಾಣತೊಡಗಿದವು. ಆ ಹಾಯಿಗಳ ಬಣ್ಣ ನೋಡು, ಆ ಫಿರಂಗಿಯ ತೂಕ ನೋಡು ಎಂದು ನನಗೇ ಪಾಠ ಹೇಳಿದಳು.

"ಸತ್ತ ಎಮ್ಮೆಗೆ ಹಾಲು ಜಾಸ್ತಿ," ಎಂದು ನಾನು ಛೇಡಿಸಿದೆ.

"ನನ್ನ ಎಮ್ಮೆ, ನನ್ನ ಹಾಲು. ನಿಂಗೇನು?"

ಮೂರನೆಯ ಭಾಗ ಕೊನೆಗೂ ಬಂತು. ಅದರಲ್ಲಿ ದೋಣಿಯೇ ಇರಲಿಲ್ಲ. ಒಬ್ಬಳು ಮುದುಕಿ ಕಡಲ ದಂಡೆಯಲ್ಲಿ ಮೆಲ್ಲಗೆ ನಡೆಯುತ್ತಾಳೆ, ಅಷ್ಟೇ. ಆಡುವವರೂ ಒಬ್ಬರೇ. ಅಕ್ಕ ಸ್ವಲ್ಪ ಹೊತ್ತು ಆಡಿ ಕಂಟ್ರೋಲರನ್ನು ಕೆಳಗಿಟ್ಟಳು. ನನ್ನ ಕೈಯಲ್ಲಿದ್ದ ಎರಡನೆಯ ಕಂಟ್ರೋಲರಿಗೆ ಕೆಲಸವೇ ಇರಲಿಲ್ಲ.

"ಎರಡನೆಯೋರಿಗೆ ಜಾಗಾನೇ ಇಲ್ಲದ ಆಟ. ಇದು ನಮ್ಮದಲ್ಲ, ತಗೊಂಡು ಹೋಗು," ಎಂದು ಡಿಸ್ಕನ್ನು ನನ್ನ ಕೈಗೆ ಹಾಕಿದಳು.

ನಾನು ಮನೆಗೆ ಒಯ್ದು ಆಡಿದೆ. ಮುದುಕಿ ಮೀನುಗಾರರ ಕೇರಿ ದಾಟಿದಳು, ಅರ್ಧ ಆಟ ಕಳೆದ ಮೇಲೆ ಉಪ್ಪಿನ ಗದ್ದೆಗಳನ್ನು ದಾಟಿದಳು. ಕೊನೆಯಲ್ಲಿ ಒಂದು ದೀಪಸ್ತಂಭದ ಮೆಟ್ಟಿಲು ಹತ್ತಿ ದೀಪ ಹಚ್ಚಿದಳು. ಆಗ ತಿಳಿಯಿತು, ಅವಳೇ ಆ ಹುಡುಗಿ. ಬದುಕಿದ್ದಳು. ಆ ಬೆಳಕಿಗೆ ದೂರದಿಂದ ಒಂದು ಹಳೆಯ ದೋಣಿ ಬಂಡೆಯ ಕಡೆಗೆ ತಿರುಗಿ ಬರುತ್ತದೆ, ಅಲ್ಲಿಗೆ ಆಟ ಮುಗಿಯುತ್ತದೆ. ಚಿಕ್ಕಂದಿನಿಂದ ಅಕ್ಕ ಯಾವುದಕ್ಕಾಗಿ ದೋಣಿ ಮುಳುಗಿಸುತ್ತಿದ್ದಳೋ ಅದಕ್ಕೆ ಯಾರೋ ಕಾಣದ ಜನ ಉತ್ತರ ಕೊಟ್ಟಿದ್ದರು. ನಾನು ಅತ್ತುಬಿಟ್ಟೆ.

ಅವಳಿಗೆ ಹೇಳುವಂತಿರಲಿಲ್ಲ. ಮುಗಿಸದವರಿಗೆ ಕೊನೆ ಹೇಳಬಾರದು ಎಂಬುದು ನಮ್ಮಿಬ್ಬರ ನಡುವಿನ ಕಟ್ಟುನಿಟ್ಟಾದ ಕಟ್ಟಳೆ. ಅವಳು ಅರ್ಧ ಓದಿದ್ದ ಪತ್ತೇದಾರಿ ಕಾದಂಬರಿಯ ಕೊಲೆಗಾರನ ಹೆಸರನ್ನು ನಮ್ಮ ಸೋದರಮಾವ ಒಮ್ಮೆ ಬಾಯಿಬಿಟ್ಟಿದ್ದರು. ಆಮೇಲೆ ಅವರು ಬಂದಾಗಲೆಲ್ಲ ಅವಳು ಕೊಟ್ಟ ಕಾಫಿಗೆ ಸಕ್ಕರೆ ಇರುತ್ತಿರಲಿಲ್ಲ. ನಾನು ಡಿಸ್ಕನ್ನು ಹಿಂತಿರುಗಿಸುತ್ತ ಇಷ್ಟೇ ಹೇಳಿದೆ, "ಅಕ್ಕಾ, ಕೊನೆವರೆಗೂ ಆಡು."

"ಯಾಕೆ, ಏನಿದೆ?"

"ಆಡು ಅಂದ್ನಲ್ಲ."

"ಆಡಲ್ಲ," ಎಂದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವಳದು.

ಅಲ್ಲಿಂದ ನಮ್ಮ ಜಗಳ ಶುರುವಾಯಿತು, ಮತ್ತು ಅಂಥ ಸುಖದ ಭಾನುವಾರಗಳು ನನ್ನ ಬಾಳಿನಲ್ಲಿ ಬೇರೆ ಇಲ್ಲ. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ನಾನು ಹೊಸ ವಾದವೊಂದನ್ನು ಜೋಡಿಸಿಕೊಳ್ಳುತ್ತಿದ್ದೆ. ಟೀವಿಯಲ್ಲಿ ಮೊದಲನೆಯ ಭಾಗವೋ ಎರಡನೆಯದೋ ಓಡುತ್ತಿರುತ್ತಿತ್ತು, ಬಾಯಲ್ಲಿ ಮಾತ್ರ ಮೂರನೆಯದು. ಆ ಮುದುಕಿಯ ನಡಿಗೆ ಸರಿಯಿಲ್ಲ ಎನ್ನುವಳು. ಕಡಲಹಕ್ಕಿಗಳು ಕಾಗೆಗಳ ಹಾಗೆ ಕೂಗುತ್ತವೆ ಎನ್ನುವಳು. ಒಂದು ಸಲ, "ಆ ಉಪ್ಪಿನ ಗದ್ದೇಲಿ ಗಾಳಿ ಸದ್ದು ಕೇಳಿದೀಯಾ? ತಗಡು ಬಡಿದ ಹಾಗಿದೆ" ಎಂದಳು. ನಾನು ಆ ಗಾಳಿಯನ್ನು ಸಮರ್ಥಿಸುತ್ತ ಸಂಜೆ ಮಾಡಿದೆ. ಮಾತಿನ ಕಾವಿನಲ್ಲಿ ನನ್ನ ಕಾಫಿ ಆರಿ ನೀರಾಗುತ್ತಿತ್ತು. ಅವಳು ಬೈಯುತ್ತಲೇ ಅದನ್ನು ಮತ್ತೆ ಬಿಸಿ ಮಾಡಿ ತರುತ್ತಿದ್ದಳು.

ಒಂದು ವರ್ಷ ಆಯುಧಪೂಜೆಯ ದಿನ ಹೋದೆ. ಕನ್ಸೋಲ್ ಹೂ ಮುಡಿದು ಕೂತಿತ್ತು. ಆಡುವಂತಿಲ್ಲ, ಮಾತೊಂದೇ ಗತಿ. ಅಕ್ಕ ಎಂದಿನಂತೆ ಮೂರನೆಯ ಭಾಗವನ್ನು ಎತ್ತಿಕೊಂಡಳು. ಅವತ್ತು ಅವಳ ದನಿ ಒಡೆದಿತ್ತು, ಮಾತಾಡುತ್ತಲೇ ಬಲಗೈಯ ಬೆರಳುಗಳನ್ನು ಮಡಿಲಲ್ಲಿ ಅದುಮಿಕೊಳ್ಳುತ್ತಿದ್ದಳು. ಪಾಪ, ದಣಿದಿದ್ದಾಳೆ, ನಾನು ಸುಮ್ಮನೆ ಕಾಡುತ್ತಿದ್ದೇನೆ ಎನ್ನಿಸಿತು.

"ಹೋಗ್ಲಿ ಬಿಡಕ್ಕಾ," ಎಂದೆ. "ನೀನು ಹೇಳಿದ್ದೇ ಸರಿ. ಮೂರನೇದು ಅಷ್ಟಕ್ಕಷ್ಟೇ."

ಅವಳು ನನ್ನನ್ನು ನೋಡಿದಳು. "ನಿಜವಾಗ್ಲೂ ಹಾಗನ್ಸುತ್ತಾ ನಿಂಗೆ?"

"ಹೂಂ. ಇನ್ನು ಆ ಮಾತು ಬೇಡ."

"ಸರಿ ಹಾಗಾದ್ರೆ," ಎಂದು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಕ್ಕನ ಮನಸ್ಸಿಗೆ ನೆಮ್ಮದಿ ಕೊಟ್ಟೆ ಎಂಬ ಸಮಾಧಾನದಲ್ಲಿ ನಾನು ಮನೆಗೆ ಬಂದೆ.

ಮುಂದಿನ ಭಾನುವಾರ ಹೋದೆ. ಊಟ ಆಯಿತೇ ಎಂದು ಕೇಳಿದಳು, ಆಯಿತು ಎಂದೆ. ಆರೋಗ್ಯ ಹೇಗಿದೆ ಎಂದು ಕೇಳಿದೆ, ಚೆನ್ನಾಗಿದೆ ಎಂದಳು. ಸ್ವಲ್ಪ ಆಡಿದೆವು. ಕಾಫಿ ಬಿಸಿಯಿರುವಾಗಲೇ ಕುಡಿದು ಎದ್ದೆ. ಹೀಗೇ ನಡೆದು ವಾರದ ಭೇಟಿ ತಿಂಗಳಿಗೆ ಜಾರಿತು, ಆಮೇಲೆ ಹಬ್ಬಕ್ಕೆ. ಜಗಳವಾಗಿ ದೂರವಾದವರನ್ನು ನೋಡಿದ್ದೇನೆ. ನಾವು ಜಗಳ ನಿಂತು ದೂರವಾದೆವು. ಆಗ ಅದು ನನಗೆ ತಿಳಿದಿರಲಿಲ್ಲ, ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಎಂದುಕೊಂಡಿದ್ದೆ.

ತಣ್ಣೀರಿನಲ್ಲಿ ಗಾಜು ಉಜ್ಜಿ ಉಜ್ಜಿ ಅಕ್ಕನ ಬೆರಳಿನ ಗೆಣ್ಣುಗಳು ಊದಿಕೊಂಡವು. ಕೆಲಸ ಬಿಟ್ಟಳು. ಅಂಗಡಿಯ ಯಜಮಾನರು ಒಳ್ಳೆಯವರು, ಮನೆಯನ್ನು ಬಿಡಿಸಲಿಲ್ಲ. ಒಂದು ದಿನ ನಾನು ಹೋದಾಗ ಕನ್ಸೋಲನ್ನು ವೈರು ಸುತ್ತಿ ಚೀಲದಲ್ಲಿ ಹಾಕಿಟ್ಟಿದ್ದಳು.

"ತಗೊಂಡು ಹೋಗು. ಕೈ ಬಗ್ಗಲ್ಲ, ಇಲ್ಲಿ ಧೂಳು ತಿಂತಾ ಕೂತಿದೆ."

ಮಧ್ಯಾಹ್ನ ಮನೆಗೆ ತಂದು ಟೀವಿಗೆ ಜೋಡಿಸಿದೆ. ಅದರ ನೆತ್ತಿಯ ಮೇಲೆ ಕುಂಕುಮದ ಕಲೆ ಹಾಗೇ ಇತ್ತು. ಒಳಗೆ ಒಂದು ಡಿಸ್ಕ್ ಉಳಿದಿತ್ತು, ತಾನಾಗಿ ತಿರುಗಿತು. ಕಪ್ಪು ಕಡಲು ಬಂತು, ಬಂಡೆ ಬಂತು, ದೀಪಸ್ತಂಭ ಬಂತು. ಅದರ ತುದಿಯಲ್ಲಿ ದೀಪ ಉರಿಯುತ್ತಿತ್ತು.

ಒಂಟಿದೀಪದ ಮೂರನೆಯ ಭಾಗ ಅದು. ನಾನು ಮುಗಿಸಿದ್ದು ನನ್ನ ಕನ್ಸೋಲಿನಲ್ಲಿ, ಇದು ಅಕ್ಕನದು. ಇದರಲ್ಲಿ ದೀಪ ಹೊತ್ತಬೇಕಾದರೆ ಅಕ್ಕನೇ ಮುಗಿಸಿರಬೇಕು. ಹಾಗೇ ನೋಡುತ್ತ ಕೂತಾಗ ಉಪ್ಪಿನ ಗದ್ದೆಯ ಗಾಳಿ ನೆನಪಾಯಿತು. ಮೊದಲ ಸ್ವಲ್ಪ ಹೊತ್ತಿಗೇ ಆಟ ಬಿಟ್ಟವಳಿಗೆ ಉಪ್ಪಿನ ಗದ್ದೆ ಎಲ್ಲಿಂದ ಬರಬೇಕು? ಆ ಗಾಳಿಯ ಪರವಾಗಿ ಅಷ್ಟು ಹೊತ್ತು ಗಂಟಲು ಹರಿದುಕೊಂಡ ನನಗೆ ಈ ಒಂದು ಮಾತು ಹೊಳೆದಿರಲಿಲ್ಲ.

ಮಾರನೆಯ ದಿನವೇ ಕನ್ಸೋಲನ್ನು ಚೀಲಕ್ಕೆ ಹಾಕಿಕೊಂಡು ಅಕ್ಕನ ಮನೆಗೆ ಹೋದೆ. ಭಾನುವಾರ ಅಲ್ಲದ ದಿನ ಬಂದ ನನ್ನನ್ನು ನೋಡಿ ಅವಳಿಗೆ ಗಾಬರಿಯಾಯಿತು.

"ಮೂರನೇ ಭಾಗ ಮುಗಿಸಿದೀಯ," ಎಂದೆ.

"ನೋಡಿದೆಯಾ," ಎಂದಳು. "ಡಿಸ್ಕ್ ತೆಗೆಯೋದು ಮರೆತೆ."

"ಯಾವಾಗ ಮುಗಿಸಿದ್ದು?"

"ನೀನು ಡಿಸ್ಕ್ ವಾಪಸ್ ಕೊಟ್ಟ ವಾರಾನೇ. ಅವತ್ತು ನಿನ್ನ ಮುಖ ನೋಡಿದ್ರೇನೇ ಗೊತ್ತಾಗ್ತಿತ್ತು, ಏನೋ ಇದೆ ಅಂತ. ಆ ಮುದುಕಿ ದೀಪ ಹಚ್ಚಿದಾಗ ತುಂಬಾ ಅತ್ತೆ ಕಣೋ. ಅದಕ್ಕಿಂತ ಒಳ್ಳೇ ಆಟ ನಾನು ಆಡಿಲ್ಲ."

"ಮತ್ತೆ ನನ್ನ ಹತ್ರ ಹೇಳ್ಲಿಲ್ಲ ಯಾಕೆ? ಅಷ್ಟು ವರ್ಷ ಬೈದೆಯಲ್ಲ ಅದನ್ನ?"

ಅವಳು ಊದಿದ ಬೆರಳುಗಳನ್ನು ನೋಡಿಕೊಂಡಳು. "ಚೆನ್ನಾಗಿದೆ ಅಂದಿದ್ರೆ ನೀನು ಯಾಕೆ ಬರ್ತಿದ್ದೆ?"

"ಬರ್ತಿದ್ದೆ ಕಣೇ."

"ಬರ್ತಿದ್ದೆ. ಆರೋಗ್ಯ ವಿಚಾರಿಸಿ, ಕಾಫಿ ಕುಡಿದು ಹೋಗ್ತಿದ್ದೆ. ಆಮೇಲೆ ಹಾಗೇ ಆಯ್ತಲ್ಲ."

ಅವಳ ದನಿಯಲ್ಲಿ ದೂರು ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಹೋದದ್ದನ್ನು ಹೇಗಾದರೂ ಹಿಂದಕ್ಕೆ ತರಬೇಕೆನ್ನಿಸಿ, ನಾನು ಎಂದೂ ನಂಬದ ಮಾತೊಂದನ್ನು ತೆಗೆದೆ. "ನೀನು ಏನೇ ಹೇಳು, ನನ್ನ ಕೇಳಿದ್ರೆ ಎರಡನೇ ಭಾಗದ ಮುಂದೆ ಮೂರನೇದು ಏನೂ ಅಲ್ಲ. ಆ ಫಿರಂಗಿಗಳ ತೂಕ ಎಲ್ಲಿ, ಈ ಮುದುಕಿ ಎಲ್ಲಿ."

ಹಳೆಯ ಅಕ್ಕನಾಗಿದ್ದರೆ ಕೈಯಲ್ಲಿದ್ದ ಸೌಟಿನ ಸಮೇತ ಎದ್ದು ಬರುತ್ತಿದ್ದಳು. ಈಗ ನಕ್ಕಳು. ನಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಾಗಿತ್ತು.

"ಇರಬಹುದು ಕಣೋ," ಎಂದಳು.

ಅವಳು ಅಷ್ಟು ಮೆತ್ತಗೆ ಒಪ್ಪಿಕೊಂಡಾಗ ನನಗೆ ಆದ ಸಂಕಟವನ್ನು ಏನು ಹೇಳಲಿ! ಆಯುಧಪೂಜೆಯ ದಿನ ನಾನು ಅವಳಿಗೆ ಕೊಟ್ಟಿದ್ದು ಇದನ್ನೇ. ಅದು ಎಲ್ಲಿ ತಾಗುತ್ತದೆ ಎಂದು ಈಗ ತಿಳಿಯಿತು.

ಆಮೇಲೆ ಮತ್ತೆ ಪ್ರತಿ ಭಾನುವಾರ ಹೋದೆ. ಹೋದಾಗಲೆಲ್ಲ ಒಳ್ಳೆಯ ಮಾತುಗಳನ್ನೇ ಆಡಿದೆವು. ಆದರೆ ಒಳ್ಳೆಯ ಮಾತು ಎಷ್ಟು ಹೊತ್ತು ಬರುತ್ತದೆ? ಒಮ್ಮೆ ತಪ್ಪಿದ ಜಗಳದ ಹದ ಮತ್ತೆ ಕೂಡಿಬರಲಿಲ್ಲ, ಕಾಲವೂ ಹೆಚ್ಚು ಉಳಿದಿರಲಿಲ್ಲ. ಅಕ್ಕ ಹೋದ ಮೇಲೆ ಒಂಟಿದೀಪದ ನಾಲ್ಕನೆಯ ಭಾಗವೂ ಬಂದಿದೆ. ಬಹಳ ಚೆನ್ನಾಗಿದೆಯಂತೆ. ಬೈಯಲು ಜೊತೆಯಿಲ್ಲದೆ ಹೊಸ ಆಟ ಕಟ್ಟಿಕೊಂಡು ಏನು ಮಾಡಲಿ ಎಂದು ನಾನು ಇನ್ನೂ ಕೊಂಡಿಲ್ಲ.

ಆ ದಿನ, 'ಇರಬಹುದು' ಎಂದವಳ ಮುಂದೆ ಸುಮ್ಮನೆ ಕೂರಲಾರದೆ, ನಾನು ಎದ್ದು ಕನ್ಸೋಲನ್ನು ಅವಳ ಟೀವಿಗೆ ಜೋಡಿಸಿದೆ. ಮೊದಲನೆಯ ಭಾಗದ ಡಿಸ್ಕ್ ಹಾಕಿದೆ. ಕೈಯನ್ನು ಸೋಪಿನಿಂದ ತೊಳೆದು ಬಂದು, ಎರಡು ಕಂಟ್ರೋಲರನ್ನೂ ಅವಳ ಆ ಬಟ್ಟೆಯಿಂದಲೇ ಒರೆಸಿದೆ. ಚುಕ್ಕಾಣಿ ತಿರುಗಿಸಲು ಅವಳ ಬೆರಳು ಬಗ್ಗುತ್ತಿರಲಿಲ್ಲ. ಒಂದು ಗುಂಡಿಯನ್ನು ಒತ್ತಿ ಹಿಡಿಯಬಹುದು ಎಂದಳು. ಹಾಗಾಗಿ ಜೀವಮಾನದಲ್ಲಿ ಮೊದಲ ಸಲ ದೀಪ ಅವಳದಾಯಿತು, ಚುಕ್ಕಾಣಿ ನನ್ನದು.

ಹಿಂದೆ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸುವ ಹಳೆಯ ಸೇವ್ ಇತ್ತು, ನೇರವಾಗಿ ಬಿರುಗಾಳಿಗೇ ಹೋದೆವು. ದೀಪದ ಹುಡುಗಿ ಬಂಡೆಗೆ ಇಳಿದು ದೀಪ ಎತ್ತಿದಳು. ಅಕ್ಕ ಎರಡು ಹೆಬ್ಬೆರಳನ್ನೂ ಒಂದೇ ಗುಂಡಿಯ ಮೇಲೆ ಒತ್ತಿ ಹಿಡಿದಿದ್ದಳು. ದೋಣಿ ಮುಂದೆ ಸಾಗಿತು. ದೂರದಲ್ಲಿ ದಡದ ಮನೆಗಳು ಕಂಡವು.

"ಹೋಗೋ, ದಡ ಅಲ್ಲೇ ಇದೆ," ಎಂದಳು ಅಕ್ಕ. "ನಾನು ಹಿಡ್ಕೊಂಡಿರ್ತೀನಿ."

ನಾನು ದೋಣಿಯನ್ನು ಬಂಡೆಯ ಕಡೆಗೆ ತಿರುಗಿಸಿದೆ. ದೋಣಿ ಒಡೆಯಿತು, ನೀರು ಮುಚ್ಚಿಕೊಂಡಿತು, ತೆರೆಯ ಮೇಲೆ ಮತ್ತೆ ಅದೇ ದೀಪಸ್ತಂಭ ಕತ್ತಲಲ್ಲಿ ನಿಂತಿತ್ತು. ಆಟ ಮುಗಿದು ಎಷ್ಟೋ ಹೊತ್ತಾದರೂ ಅಕ್ಕ ಗುಂಡಿಯ ಮೇಲಿಂದ ಬೆರಳು ತೆಗೆದಿರಲಿಲ್ಲ.