ಬಾಗಿಲಿಗೆ ಅಡ್ಡ ನಿಂತ ಕಾರು

“ಎಲ್ಲರೂ ಒಟ್ಟಿಗೆ ತಳ್ಳಿ. ಒಬ್ಬೊಬ್ಬರಾಗಿ ಅಲ್ಲ, ಒಟ್ಟಿಗೆ! ಹಾಂ, ಈಗ!”

ಮೈದುನ ಕೂಗಿದ ಕೂಗಿಗೆ ಅಂಗಿಯ ತೋಳು ಮಡಿಚಿಕೊಂಡಿದ್ದ ಗಂಡಸರೆಲ್ಲ ಕಾರಿನ ಬೆನ್ನಿಗೆ ಕೈ ಕೊಟ್ಟರು. ಕಾರು ಒಂದು ಗೇಣು ಮುಂದೆ ಹೋದಂತೆ ಮಾಡಿ, ಮನಸ್ಸು ಬದಲಾಯಿಸಿದ ಹಾಗೆ ಮತ್ತೆ ಇದ್ದಲ್ಲಿಗೇ ಬಂದು ನಿಂತಿತು.

“ಗೇರಲ್ಲಿದೆ ಕಣ್ರೀ,” ಎಂದ, ಕಬ್ಬಿಣ ಕಡೆಯುವ ಅಂಗಡಿಯ ಲೇತಿನವನು, ಹಣೆ ಒರೆಸಿಕೊಳ್ಳುತ್ತಾ. “ಹಿಂಗೇ ತಳ್ತಾ ಇದ್ರೆ ನಮ್ಮ ಸೊಂಟ ಹೋಗತ್ತೆ, ಕಾರು ಹೋಗಲ್ಲ.”

ವ್ಯಾನಮ್ಮ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಅವಳ ಬೆನ್ನ ಹಿಂದೆ, ನಡುಮನೆಯಲ್ಲಿ, ಗಂಡ ಮಲಗಿದ್ದ ಪೆಟ್ಟಿಗೆ. ಎದುರಿಗೆ, ಅಂಗಳದಲ್ಲಿ, ಗಂಡ ಕಟ್ಟಿದ ಕಾರು. ಪೆಟ್ಟಿಗೆ ಹೊರಗೆ ಹೋಗಬೇಕಾದರೆ ಮೊದಲು ಕಾರು ಹೋಗಬೇಕು. ಅಂಗಳಕ್ಕೆ ತಗಡು ಹೊದಿಸಿ ಶೆಡ್ಡು ಮಾಡಿಕೊಂಡ ದಿನದಿಂದ ಆ ಮನೆಗೆ ಯಾರೂ ನೆಟ್ಟಗೆ ನಡೆದು ಬಂದವರಿಲ್ಲ. ಹಾಲಿನವನು, ಅಂಚೆಯವನು, ಮಗಳ ಅತ್ತೆ ಮಾವ, ಎಲ್ಲರೂ ಗೋಡೆಗೂ ಕಾರಿಗೂ ನಡುವೆ ಹೊಟ್ಟೆ ಒಳಗೆಳೆದುಕೊಂಡು ಏಡಿಯ ಹಾಗೆ ಅಡ್ಡಡ್ಡ ಬಂದವರೇ. ಬದುಕಿದ್ದವರು ಹೇಗೋ ಬರಬಹುದು, ಹೋಗಬಹುದು. ಪೆಟ್ಟಿಗೆಯನ್ನು ಅಡ್ಡಡ್ಡ ನಡೆಸುವುದು ಹೇಗೆ?

ಓಣಿಯ ತುದಿಯಲ್ಲಿ ಹೆಣ ಸಾಗಿಸುವ ವ್ಯಾನು ಕಾಯುತ್ತಿತ್ತು. ಅದರ ಪಕ್ಕದಲ್ಲಿ ಗುಜರಿಯವನ ಪುಟ್ಟ ಲಾರಿ. ಅದು ಮೈದುನನ ಏರ್ಪಾಡು. “ಹೇಗೂ ಹೊರಗೆ ತೆಗೀತೀವಲ್ಲ ಅತ್ತಿಗೆ, ಹಂಗೇ ಕಳಿಸಿಬಿಡೋಣ. ವಾಪಸ್ ಒಳಗೆ ತಳ್ಳೋರು ಯಾರು?” ಎಂದು ಬೆಳಿಗ್ಗೆ ಕೇಳಿದ್ದ. “ತಗೊಂಡು ಹೋಗಲಿ,” ಎಂದಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ವಾರಗಟ್ಟಲೆ ಕೂತು ಬಂದವಳಿಗೆ ಅದಕ್ಕಿಂತ ಉದ್ದದ ಮಾತಿಗೆ ಶಕ್ತಿಯಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಕಾರಿನ ಮುಖ ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಇವತ್ತು ಇನ್ನೊಂದು ಸಂಕಟವೂ ಸೇರಿಕೊಂಡಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಅವಳು ಎಂದೋ ಆಡಿದ ಮಾತು ಎಲ್ಲೂ ಹೋಗಿರಲಿಲ್ಲ. ಇದೇ ಅಂಗಳದಲ್ಲಿ ಹೊಂಚು ಹಾಕಿ ಕೂತಿದ್ದು, ಇವತ್ತು ಎದ್ದು ನಿಂತಿತ್ತು.

*

ಕಾರು ಬಿಡಿ ಸಾಮಾನಾಗಿ ಬಂದಿತ್ತು. ಕಬ್ಬಿಣದ ಚಾಸಿ ಒಂದು, ಮೇಲೆ ಹೊದಿಸಲು ಫೈಬರಿನ ಮೈ ಒಂದು. ಉಳಿದದ್ದೆಲ್ಲ ನೀವೇ ಹುಡುಕಿ, ನೀವೇ ಮಾಡಿ, ನೀವೇ ಕೂರಿಸಿಕೊಳ್ಳಿ ಎನ್ನುವ ಬಗೆಯದು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಪಂಪು ಕಾರ್ಖಾನೆಯ ಫಿಟ್ಟರಾಗಿದ್ದ ಅವನಿಗೆ ಅಂಗಡಿಯಲ್ಲಿ ಸಿಕ್ಕಿದ್ದು ಯಾವುದೂ ಹಿಡಿಸುತ್ತಿರಲಿಲ್ಲ. ಬಾಗಿಲ ಚಿಲಕದಿಂದ ಹಿಡಿದು ಗೇರಿನ ಗುಬುಟಿನವರೆಗೆ ತಾನೇ ಅರ ಹಾಕಿ ಉಜ್ಜಬೇಕು, ಕೂರಿಸಿ ನೋಡಬೇಕು, ಕೂದಲೆಳೆ ಆಚೀಚೆ ಆದರೆ ಮತ್ತೆ ಬಿಚ್ಚಿ ಉಜ್ಜಬೇಕು. ಸಂಜೆ ಎದ್ದು ಹೋಗುವಾಗ ಮೇಲೆ ಟಾರ್ಪಾಲು ಎಳೆಯುತ್ತಿದ್ದ. ಅರ್ಧ ಕೆಲಸವನ್ನು ಯಾರಿಗೂ ತೋರಿಸಬಾರದು ಎಂಬುದು ಅವನ ನೇಮ. ತೋರಿಸಿದರೆ ಕೆಲಸ ಮುನಿಸಿಕೊಳ್ಳುತ್ತದಂತೆ. ಹೆಂಡತಿ ಮುನಿಸಿಕೊಳ್ಳುವುದು ಅವನ ನೇಮದಲ್ಲಿ ಎಲ್ಲೂ ಬರುತ್ತಿರಲಿಲ್ಲ.

ಮನೆಯಲ್ಲಿ ಗಾಡಿ ಓಡಿಸುತ್ತಿದ್ದವಳು ಅವಳು. ಶಾಲೆಯ ಮಕ್ಕಳನ್ನು ಹೊತ್ತು ತಿರುಗುವ ವ್ಯಾನು. ವ್ಯಾನಮ್ಮ ಎಂಬುದು ಮಕ್ಕಳೇ ಇಟ್ಟ ಹೆಸರು. ಅವಳು ಗಿಡ್ಡ, ವ್ಯಾನಿನ ಸೀಟು ದೂರ, ಕ್ಲಚ್ಚು ಕಲ್ಲಿನಂಥದು. ಬೆನ್ನ ಹಿಂದೆ ದಿಂಬಿಟ್ಟುಕೊಂಡು ಪ್ರತಿ ಗೇಟಿನ ಮುಂದೆ, ಪ್ರತಿ ತಿರುವಿನಲ್ಲಿ ಅದನ್ನು ತುಳಿದೂ ತುಳಿದೂ ಒಂದು ದಿನ ಎಡಮಂಡಿ ಇನ್ನು ನನ್ನ ಕೈಲಾಗದು ಎಂದು ಕೂತುಬಿಟ್ಟಿತು. ಇನ್ನು ಕ್ಲಚ್ಚು ಮುಟ್ಟಬೇಡಿ ಎಂದರು ಡಾಕ್ಟರು. ಕೀಲಿಕೈ ಬೇರೆಯವರ ಕೈಗಿಟ್ಟು ಬಂದ ಸಂಜೆ ಅವಳು ಊಟ ಮಾಡಲಿಲ್ಲ.

ಆ ಹೊತ್ತಿಗೆ ಕಾರು ಮುಗಿದೇ ಹೋಗಿತ್ತು ಅನ್ನಬೇಕು. ಬಿದಿರ ಗಳುವಿನಂತೆ ಉದ್ದಕ್ಕಿದ್ದ ಗಂಡ ಅದರೊಳಗೆ ಕಾಲು ಚಾಚಿ ಕೂತು, ಸ್ಟಿಯರಿಂಗ್ ಹಿಡಿದು, ಒಬ್ಬನೇ ನಗುತ್ತಿದ್ದುದನ್ನು ಅವಳು ಕಿಟಕಿಯಿಂದ ಕಂಡಿದ್ದಳು. ಹೋಗಲಿ, ಇನ್ನು ಅವರು ಓಡಿಸಲಿ, ನಾನು ಪಕ್ಕದಲ್ಲಿ ಕೂತು ಹೋಗುತ್ತೇನೆ ಎಂದುಕೊಂಡಿದ್ದಳು. ಮುಂದಿನ ಭಾನುವಾರ ಎದ್ದು ನೋಡಿದರೆ ಸೀಟು ಅಂಗಳದಲ್ಲಿದೆ, ಪೆಡಲುಗಳು ನೆಲದ ಮೇಲೆ ಚೆಲ್ಲಿವೆ, ಗಂಡ ಕಾರಿನ ಹೊಟ್ಟೆಯೊಳಗೆ ತಲೆ ತೂರಿಸಿ ಬಿಚ್ಚುತ್ತಿದ್ದಾನೆ.

“ಮತ್ತೆ ಯಾಕ್ರೀ ಬಿಚ್ಚಿದ್ರಿ?”

“ಸ್ವಲ್ಪ ಬದಲಾಯಿಸ್ಬೇಕು.”

“ನಿಮ್ಮ ಹೆಣ ಹೊರಗೆ ಹೋಗೋ ದಿನಾನೇ ಈ ಕಾರೂ ಹೊರಗೆ ಹೋಗೋದು!”

ಅವನು ತಲೆ ಹೊರಗೆ ತೆಗೆದು ಅವಳನ್ನು ನೋಡಿದ. ಕೋಪ ಬಂದಂತೆ ಕಾಣಲಿಲ್ಲ. “ಆಗಲಿ ಬಿಡು,” ಎಂದು ಮತ್ತೆ ಒಳಗೆ ತಲೆ ಹಾಕಿದ.

*

“ಯಾರಾದ್ರೂ ಒಳಗೆ ಕೂತು ಕ್ಲಚ್ ಒತ್ತಬೇಕು,” ಲೇತಿನವನು ಹೇಳುತ್ತಿದ್ದ. “ಆಮೇಲೆ ಬ್ರೇಕೂ ಹಿಡೀಬೇಕು. ಓಣಿ ಇಳಿಜಾರು. ಹ್ಯಾಂಡ್‌ಬ್ರೇಕ್ ಅಣ್ಣ ಇನ್ನೂ ಕೂರಿಸಿರಲಿಲ್ಲ. ಅದಕ್ಕೇ ಗೇರಲ್ಲಿ ನಿಲ್ಸಿದಾನೆ.”

ಮೈದುನ ಬಾಗಿಲು ತೆಗೆದು ಒಂದು ಕಾಲು ಇಟ್ಟ. ಮಂಡಿ ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು. ಎರಡನೆಯ ಕಾಲಿಗೆ ಜಾಗವೇ ಇರಲಿಲ್ಲ. ಹೊರಗೆ ಎಳೆಯಲು ಇಬ್ಬರು ಬೇಕಾದರು. ಆಮೇಲೆ ಅಳಿಯ ಪ್ರಯತ್ನಿಸಿದ. ಸಪೂರ ಆಸಾಮಿ, ಆದರೂ ಗಲ್ಲ ಮೊಣಕಾಲಿಗೆ ಬಡಿಯಿತು. ಲೇತಿನವನು ತನ್ನ ಹೊಟ್ಟೆಯ ಮೇಲೊಮ್ಮೆ ಕೈಯಾಡಿಸಿಕೊಂಡು, ಪ್ರಯತ್ನಿಸದೆಯೇ ಸೋಲೊಪ್ಪಿದ.

“ಇದೇನು, ಬೊಂಬೆ ಕೂರಿಸೋಕೆ ಮಾಡಿದ ಸೀಟಾ?” ಮೈದುನ ಮಂಡಿ ಉಜ್ಜಿಕೊಂಡ. ಎಲ್ಲರಿಗೂ ಸಣ್ಣಗೆ ನಗು ಬಂತು. ಒಳಗೆ ಮಗಳು ಮೂಗು ಸೀಟಿದ ಸದ್ದು ಕೇಳಿ ನಗು ನಿಂತಿತು.

ಲೇತಿನವನು ನೆಲಕ್ಕೆ ಮೊಣಕಾಲೂರಿ, ಮೊಬೈಲಿನ ಬೆಳಕು ಹಾಕಿ ಪೆಡಲಿನ ಬುಡ ನೋಡಿದ. ಬಹಳ ಹೊತ್ತು ನೋಡಿದ.

“ಬನ್ನಿ ಇಲ್ಲಿ, ನೋಡಿ. ಪೆಡಲು ಮೊದಲು ಅಲ್ಲಿ, ಆ ಮೂಲೇಲಿತ್ತು. ಆ ತೂತು ಮುಚ್ಚಿ ಇಲ್ಲಿಗೆ ತಂದಿದಾನೆ. ಇದನ್ನೂ ಮುಚ್ಚಿ ಮತ್ತೆ ಇಲ್ಲಿಗೆ. ಬರ್ತಾ ಬರ್ತಾ ಸೀಟಿನ ಹತ್ರಾನೇ ಬಂದಿದೆ.” ಅವನು ಎದ್ದು ಕೂತ. “ಪ್ರತಿ ವರ್ಷ ಚಳಿಗಾಲಕ್ಕೆ ನನ್ನ ಹತ್ರ ಬರೋನು. ಪೆಡಲು ಇನ್ನೊಂದು ಬೆರಳು ಹತ್ತಿರ ಬರಬೇಕು, ಅದರ ಬುಡಕ್ಕೆ ಹೊಸ ಬುಷ್ಷು ಕಡೆದುಕೊಡು ಅನ್ನೋನು. ಅಣ್ಣಾ, ನಿನ್ನ ಕಾಲೇನು ವರ್ಷಾ ವರ್ಷಾ ಮೋಟಾಗ್ತಾ ಇದೆಯಾ ಅಂತ ನಾನು ಗೇಲಿ ಮಾಡಿದ್ದೆ.”

“ಅಣ್ಣ ಏನಂದ?” ಮೈದುನ ಕೇಳಿದ.

“ಏನೂ ಇಲ್ಲ. ನೀನು ಕಡೆದುಕೊಡು ಅಂದ, ಅಷ್ಟೇ.” ಲೇತಿನವನು ಸೀಟಿನತ್ತ ನೋಡಿದ. “ಅಲ್ಲಾ, ಈ ಸೀಟಲ್ಲಿ ಅಣ್ಣನೇ ಕೂರೋಕೆ ಆಗ್ತಿರಲಿಲ್ವಲ್ಲ!”

ಹೊಸ್ತಿಲ ಮೇಲೆ ಕೂತಿದ್ದ ವ್ಯಾನಮ್ಮ ತನ್ನ ಎಡಗಾಲನ್ನು ನೋಡಿಕೊಂಡಳು. ಅದು ಎಂದಿನಂತೆ ಅರ್ಧ ಮಡಿಚಿಕೊಂಡೇ ಇತ್ತು.

*

ಚಳಿ ಶುರುವಾಗಿ ಮಂಡಿ ಬಿಗಿಯುವ ಹೊತ್ತಿಗೆ ಅವನು ಅಡುಗೆಮನೆಗೆ ಬರುತ್ತಿದ್ದ. ಕೈಯಲ್ಲಿ ಉಕ್ಕಿನ ಸ್ಕೇಲು. ಅಲ್ಲಿದ್ದ ಸ್ಟೂಲಿನ ಕಾಲುಗಳನ್ನು ಅವನೇ ಗರಗಸ ಹಾಕಿ ಗಿಡ್ಡ ಮಾಡಿದ್ದ. ಒಳ್ಳೆಯ ಸ್ಟೂಲು ಹಾಳು ಮಾಡಿದಿರಿ ಎಂದು ಅವಳು ಅದಕ್ಕೂ ಬೈದಿದ್ದಳು.

“ಬೆನ್ನು ಗೋಡೆಗೆ ಒರಗಿಸಿ ಕೂತ್ಕೋ. ಕಾಲು ಮುಂದಕ್ಕೆ ಚಾಚು. ನೋವು ಶುರುವಾದ ತಕ್ಷಣ ಹೇಳು.”

“ಹಾಂ, ಸಾಕು ಸಾಕು.”

ಹಿಮ್ಮಡಿ ಎಲ್ಲಿ ನಿಂತಿತೋ ಅಲ್ಲಿ ನೆಲದ ಮೇಲೆ ಅರದ ಮೂತಿಯಿಂದ ಒಂದು ಗೀರು ಹಾಕುತ್ತಿದ್ದ. ಹಳೆಯ ಗೀರಿಗೂ ಹೊಸದಕ್ಕೂ ನಡುವೆ ಎಷ್ಟು ಎಂದು ಸ್ಕೇಲಿನಲ್ಲಿ ನೋಡುತ್ತಿದ್ದ. ಆಮೇಲೆ ತೂಕದ ಯಂತ್ರವನ್ನು ಎದುರಿನ ಬೀರುವಿಗೆ ಒರಗಿಸಿ, ಕಾಲಿನಲ್ಲಿ ಒತ್ತು ಅನ್ನುವನು. ನೋವಾಗದೆ ಎಷ್ಟು ಒತ್ತಬಲ್ಲಳು ಎಂದು ಮುಳ್ಳನ್ನೇ ನೋಡುತ್ತಾ ಬಗ್ಗಿ ಕೂರುವನು.

“ನನ್ನ ಕಾಲೇನು ನಿಮ್ಮ ಪಂಪಿನ ಪೈಪಾ?”

“ಡಾಕ್ಟ್ರು ಕೇಳ್ತಾರೆ. ಬೇಕಾಗತ್ತೆ.”

ಡಾಕ್ಟರು ಒಮ್ಮೆಯೂ ಕೇಳಲಿಲ್ಲ. ಗೀರುಗಳು ಮಾತ್ರ ಸ್ಟೂಲಿನ ಕಡೆಗೆ ಹತ್ತಿರ ಹತ್ತಿರ ಬಂದವು. ನೆಲ ಒರೆಸುವಾಗ ಅವುಗಳ ಮೇಲೆ ಬಟ್ಟೆ ಹಾಯಿಸುತ್ತಾ, ತನ್ನ ಕಾಲು ಸೋತ ಗುರುತುಗಳು ಎಂದುಕೊಂಡು ಅವಳು ಬೇಸರಪಡುತ್ತಿದ್ದಳು. ಗಂಡನಿಗೆ ಬೇರೆ ಗುರುತು ಹಾಕಲು ಸಿಗಲಿಲ್ಲವೇ ಎಂದು ರೇಗುತ್ತಿದ್ದಳು. ಅವನು ಪೆಡಲನ್ನು ಒಂದು ಬೆರಳು ಹತ್ತಿರ ತರುವಷ್ಟರಲ್ಲಿ ಮಂಡಿ ಇನ್ನೊಂದು ಬೆರಳಿನಷ್ಟು ಬಿಗಿದಿರುತ್ತಿತ್ತು. ಯಾಕ್ರೀ, ಯಾವಾಗ ಮುಗಿಯತ್ತೆ ಎಂದರೆ, ಇನ್ನೊಂದು ಸ್ವಲ್ಪ ಅನ್ನುತ್ತಿದ್ದ. ಆ ಸ್ವಲ್ಪ ತನ್ನ ಮಂಡಿಯಲ್ಲೇ ಇತ್ತು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

*

ಚೌಕಟ್ಟು ಹಿಡಿದುಕೊಂಡು ವ್ಯಾನಮ್ಮ ಎದ್ದಳು.

“ಪಕ್ಕಕ್ಕೆ ಸರೀರಿ ಎಲ್ಲರೂ. ನಾನು ಕೂರ್ತೀನಿ.”

“ಅತ್ತಿಗೆ, ನೀವು ಬೇಡ. ಇಂಥ ದಿನ ನೀವು ಕಾರಲ್ಲಿ ಕೂತರೆ ನೋಡಿದೋರು ಏನಂತಾರೆ?”

“ಏನು ಬೇಕಾದ್ರೂ ಅನ್ಲಿ. ಊರ ಮಕ್ಕಳನ್ನೆಲ್ಲ ಹೊತ್ತು ತಿರುಗಿದೋಳು ನಾನು. ನೀನು ಹಿಂದೆ ಹೋಗಿ ತಳ್ಳು.”

“ಅಮ್ಮಾ, ಕಾಲು...” ಎಂದು ಮಗಳು ಒಳಗಿಂದ ಓಡಿ ಬಂದಳು. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುದುಡಿದ ಎಡಗಾಲನ್ನು ಕೈಯಿಂದಲೇ ಎತ್ತಿ ಒಳಗಿಡಬೇಕಿತ್ತು. ಇನ್ನೊಂದು ಕೈಗೆ ಆಸರೆ ಬೇಕೆನಿಸಿದ ಜಾಗದಲ್ಲೇ ಒಂದು ಹಿಡಿಕೆ ಇತ್ತು, ಚೆನ್ನಾಗಿ ಉಜ್ಜಿ ನುಣುಪು ಮಾಡಿದ್ದು. ಸೀಟು ಅವಳನ್ನು ಸೊಂಟದವರೆಗೆ ತುಂಬಿಕೊಂಡಿತು. ಸ್ಟಿಯರಿಂಗ್ ಕೈಗೆ ತಾನಾಗಿ ಸಿಕ್ಕಿತು. ವ್ಯಾನಿನಲ್ಲಿ ಒಂದು ದಿನವೂ ಹಾಗೆ ಸಿಕ್ಕಿರಲಿಲ್ಲ.

ಅವಳಿಗೆ ಅಳು ಬರುವ ಮೊದಲು ಸಿಟ್ಟು ಬಂತು. ಅರ್ಧ ಕೆಲಸ ತೋರಿಸಬಾರದಂತೆ! ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಇಷ್ಟು ವರ್ಷ ಈ ಗೋಡೆಗೂ ಈ ಕಾರಿಗೂ ನಡುವೆ ಮೈ ಉಜ್ಜಿಕೊಂಡು ಓಡಾಡಿ, ಇದಕ್ಕೆ ಶಾಪ ಹಾಕಿದ್ದೆಲ್ಲ ಯಾರಿಗೆ ಹಾಕಿದ್ದು? ಒಳಗೆ ಮಲಗಿದ್ದವನನ್ನು ಎಬ್ಬಿಸಿ ಕೇಳಬೇಕೆನಿಸಿತು. ಎದ್ದು ಬಂದಿದ್ದರೂ ಅವನು ಹೇಳುತ್ತಿದ್ದುದು ‘ಆಗಲಿ ಬಿಡು’ ಎಂದೇ.

ಎಡಗಾಲು ಚಾಚಿದಳು. ಕಾಲ್ಬೆರಳ ತುದಿ ಮಾತ್ರ ಕ್ಲಚ್ಚಿಗೆ ತಾಗಿತು. ಒಂದು ಬೆರಳಿನಷ್ಟು ದೂರ. ಈ ಚಳಿಗಾಲ ಅವನು ಆಸ್ಪತ್ರೆಯಲ್ಲಿದ್ದ. ಯಾರೂ ಅಳೆದಿರಲಿಲ್ಲ.

“ಆಗ್ತಿಲ್ವಾ ಅಕ್ಕ?” ಲೇತಿನವನು ಬಗ್ಗಿ ಕೇಳಿದ.

“ಅಲ್ಲಿ ಗೂಟದಲ್ಲಿ ಅವರ ಕೆಲಸದ ಅಂಗಿ ಇದೆ ನೋಡು. ಅದನ್ನ ಕೊಡು.”

ಎಣ್ಣೆ, ಕಬ್ಬಿಣದ ಪುಡಿ, ಬೆವರು ಸೇರಿ ದಪ್ಪಗಾಗಿದ್ದ ನೀಲಿ ಅಂಗಿ. ಅವಳು ಅದನ್ನು ಮಡಿಚಿ, ಹಳೆಯ ವ್ಯಾನಿನಲ್ಲಿ ದಿಂಬು ಇಡುತ್ತಿದ್ದಂತೆ, ಬೆನ್ನ ಹಿಂದೆ ಇಟ್ಟುಕೊಂಡಳು. ಈಗ ಪಾದ ಪೂರ್ತಿ ಕೂತಿತು. ನೋವಿಗೆ ಹಲ್ಲು ಕಚ್ಚಿಕೊಂಡು ಒತ್ತಿದಳು. ಕಚ್ಚುವ ಅಗತ್ಯವೇ ಇರಲಿಲ್ಲ. ಕ್ಲಚ್ಚು ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗೆ ಒಳಗೆ ಹೋಯಿತು. ಮಂಡಿ ಒಂದು ಮಾತೂ ಆಡಲಿಲ್ಲ. ಗೇರು ಬಿಡಿಸಿಕೊಂಡು ಬಂತು.

“ತಳ್ಳಿ,” ಎಂದಳು.

ತಗಡಿನ ನೆರಳು ದಾಟಿ ಕಾರು ಬಿಸಿಲಿಗೆ ಬಂತು. ಓಣಿಯ ಇಳಿಜಾರಿನಲ್ಲಿ ಗಂಡಸರು ಕೈಬಿಟ್ಟರು. ಕಾರು ಸದ್ದಿಲ್ಲದೆ ಒಂದಿಷ್ಟು ದೂರ ತಾನೇ ಉರುಳಿತು. ಅವಳು ಅದನ್ನು ಗೋಡೆಯ ಬದಿಗೆ ತಂದು, ಪೆಟ್ಟಿಗೆ ಹೊತ್ತವರಿಗೆ ದಾರಿ ಬಿಟ್ಟು, ಬ್ರೇಕು ಒತ್ತಿ ಮತ್ತೆ ಗೇರಿಗೆ ಹಾಕಿ ನಿಲ್ಲಿಸಿದಳು. ಶಾಲೆಯ ಗೇಟಿನ ಮುಂದೆ ನಿಲ್ಲಿಸುತ್ತಿದ್ದಷ್ಟೇ ಸಲೀಸಾಗಿ.

ಗುಜರಿಯವನು ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡು ಬಂದ. “ಹಗ್ಗ ಎಲ್ಲಿಗೆ ಕಟ್ಟಲಮ್ಮ?”

“ನೀನು ಹೋಗಪ್ಪ. ಗುಜರಿಗೆ ಹಾಕೋದು ಕೆಲಸ ಮುಗಿದ ಸಾಮಾನನ್ನ. ಇದರ ಕೆಲಸ ಇನ್ನೂ ಮುಗಿದಿಲ್ಲ.”

ಮೈದುನ ಗುಜರಿಯವನನ್ನು ಲಾರಿಯತ್ತ ಕರೆದುಕೊಂಡು ಹೋದ. ವ್ಯಾನಮ್ಮ ಲೇತಿನವನತ್ತ ತಿರುಗಿದಳು.

“ಎಂಜಿನ್ ಓಡತ್ತಾ?”

“ಓಡತ್ತೆ ಅಕ್ಕ. ಆಸ್ಪತ್ರೆಗೆ ಸೇರೋಕೆ ಮುಂಚೆ ನನ್ನೆದುರೇ ಸ್ಟಾರ್ಟ್ ಮಾಡಿ ನೋಡಿದ್ದ.”

“ಹಂಗಾದ್ರೆ ಅವರ ವ್ಯಾನಿನ ಹಿಂದೆ ನಾನು ಇದರಲ್ಲೇ ಬರ್ತೀನಿ. ನಿಧಾನ ಹೋಗೋಕೆ ಹೇಳು.” ಒಂದು ಕ್ಷಣ ಬಿಟ್ಟು ಸೇರಿಸಿದಳು. “ಪೆಡಲು ಇನ್ನೊಂದು ಬೆರಳು ಹತ್ತಿರ ಬರಬೇಕು. ಬುಷ್ಷು ಕಡೆದುಕೊಡ್ತೀಯಾ?”

ಲೇತಿನವನು ತಲೆಯಾಡಿಸಿ, ಪೆಟ್ಟಿಗೆಗೆ ಹೆಗಲು ಕೊಡಲು ಬೇಗ ಬೇಗ ಮನೆಯ ಕಡೆ ನಡೆದ.

ಅವಳು ಕೀಲಿಕೈ ಮುಟ್ಟಿ ನೋಡಿದಳು. ಅದು ಅದರ ಜಾಗದಲ್ಲೇ ಇತ್ತು. ಗಾಡಿ ಹತ್ತಿದವಳ ಹಳೆಯ ರೂಢಿಯಂತೆ ಕನ್ನಡಿ ಸರಿಪಡಿಸಿಕೊಳ್ಳಲು ಕೈ ಎತ್ತಿದಳು. ತಿರುಗಿಸಬೇಕಾಗಲಿಲ್ಲ. ಅವಳ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಅದರಲ್ಲಿ ಮನೆಯ ಬಾಗಿಲಿತ್ತು, ಖಾಲಿ ಅಂಗಳವಿತ್ತು, ಆ ಅಂಗಳದ ನಟ್ಟನಡುವೆ ಅವನ ಪೆಟ್ಟಿಗೆ ನೆಟ್ಟಗೆ ನಡೆದು ಬರುತ್ತಿತ್ತು.