ಭಾವನ ಹೆಸರಿನ ತಟ್ಟೆ

ಹೆಜ್ಜೆ ಸಪ್ಪಳ ಎರಡನೇ ಮಹಡಿ ದಾಟಿತು, ಮೂರಕ್ಕೆ ಬಂತು, ಇಲ್ಲೇ, ಬಾಗಿಲ ಆಚೆಗೇ, ಬಣ್ಣದ ಕಾಗದದ ಚರಪರ ಕೂಡ ಕೇಳಿಸುತ್ತಿದೆ, ಈಗ ಬಡಿಯುತ್ತಾರೆ, ಈಗ — ಇಲ್ಲ, ಹೆಜ್ಜೆ ತಿರುಗಿತು, ಎದುರು ಮನೆಯ ಬಾಗಿಲು ತೆರೆಯಿತು, ಅಯ್ಯೋ ಇಷ್ಟೆಲ್ಲ ಯಾಕೆ ತರೋಕೆ ಹೋದ್ರಿ, ಒಳಗೆ ಬನ್ನಿ, ಇಲ್ಲ ಇಲ್ಲ ಇನ್ನೂ ಹತ್ತು ಮನೆ ಇದೆ, ನಗು, ಬಾಗಿಲು ಮುಚ್ಚಿತು. ಪೆಸ್ಯ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡಿದಳು, ಅದರಲ್ಲಿ ನೀರೇ ಇರಲಿಲ್ಲ. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನಿದೆ, ಗೊತ್ತಿರುವ ವಿಷಯವೇ, ಹೆತ್ತವರು ಸತ್ತ ವರ್ಷ ತುಂಬುವ ತನಕ ಮಕ್ಕಳಿಗೆ ಯಾರೂ ಪೂರಿಮ್ ಹಬ್ಬದ ತಿಂಡಿ ತಟ್ಟೆ ಕಳಿಸುವಂತಿಲ್ಲ, ಸೂತಕದವರನ್ನು ಖುಷಿಪಡಿಸಬಾರದು, ಆದರೆ ಸೂತಕದವರು ಮಾತ್ರ ಕಳಿಸಲೇಬೇಕು, ಎರಡು ಬಗೆ ತಿಂಡಿ, ಕಡೇಪಕ್ಷ ಒಬ್ಬರಿಗೆ — ಎಂಥ ತಮಾಷೆ, ಕೊಡುವುದಕ್ಕೆ ಕೈ ಇದೆ, ಇಸಿದುಕೊಳ್ಳುವುದಕ್ಕೆ ಇಲ್ಲ. ಬೆಳಿಗ್ಗೆಯಿಂದ ಇಡೀ ಕಟ್ಟಡಕ್ಕೆ ಹಂಚಿದ್ದಾಳೆ, ಏಳು ತಟ್ಟೆ ಹೋದವು, ಏಳೂ ತೊಳೆದು ಒರೆಸಿ ಖಾಲಿ ಬಂದವು, ಬೆಳಕಿಗೆ ಹಿಡಿದರೆ ಮುಖ ಕಾಣುವಷ್ಟು ಖಾಲಿ. ಕೆಳಮನೆಯ ಮಝಾಲ್ ಒಬ್ಬಳೇ ಹುರಿಗಡಲೆ, ಒಣದ್ರಾಕ್ಷಿ ತಂದು ಸೀದಾ ಮೇಜಿನ ಮೇಲೆ ಸುರಿದು ಹೋದಳು, ನಿಮ್ಮ ಪೋಲೆಂಡಿನ ಯಹೂದಿ ಅಜ್ಜಂದಿರು ಶಾಸ್ತ್ರದಲ್ಲಿ ಏನು ಬೇಕಾದ್ರೂ ಬರಕೊಳ್ಳಲಿ, ನಾವು ಯೆಮೆನ್‌ನವರು ಸೂತಕದವರಿಗೂ ಕೊಡ್ತೀವಿ, ಅಳೋರಿಗೆ ಹಸಿವಾಗಲ್ವಾ. ಪೆಸ್ಯ ನಕ್ಕಿದ್ದಳು, ಆಮೇಲೆ ಒಂದು ಕಡಲೆ ಬಾಯಿಗೆ ಹಾಕಿಕೊಂಡು ಅಗಿಯಲಾರದೆ ನಿಂತಿದ್ದಳು. ಇನ್ನು ಹನ್ನೆರಡೇ ದಿನ, ವರ್ಷ ತುಂಬುತ್ತದೆ, ಮುಂದಿನ ಪೂರಿಮ್‌ಗೆ ಎಲ್ಲರೂ ಬಾಗಿಲು ಬಡಿಯುತ್ತಾರೆ. ಬಡಿಯಬೇಕಾದವಳೊಬ್ಬಳು ಬಿಟ್ಟು.

ಅಕ್ಕನಿಗೂ ಅದೇ ಸೂತಕ. ಅದೇ ಅಮ್ಮ, ಅದೇ ವರ್ಷ, ಅದೇ ಹನ್ನೆರಡು ದಿನ ಬಾಕಿ. ನಾಲ್ಕು ಬೀದಿ ಆಚೆ ಶಿಫ್ರಾಳೂ ಹೀಗೇ ನಿಂತಿರುತ್ತಾಳೆ, ಖಾಲಿ ತಟ್ಟೆ ಇಸಿದುಕೊಂಡು, ಇವಳಿಗೆ ಅವಳು ಕಳಿಸುವಂತಿಲ್ಲ, ಅವಳಿಗೆ ಇವಳು ಕಳಿಸುವಂತಿಲ್ಲ, ಎಷ್ಟು ಅನುಕೂಲ, ಜಗಳ ಆಡಿದ ಅಕ್ಕತಂಗಿಯರಿಗೆ ಶಾಸ್ತ್ರವೇ ನೆಪ ಹುಡುಕಿ ಕೊಟ್ಟಿದೆ — ಹಾಗಂತ ಸುಮ್ಮನಿರಬಹುದಿತ್ತು, ಅನ್ಶೆಲ್ ಬಾಯಿ ಬಿಡದೆ ಇದ್ದಿದ್ದರೆ. ಹತ್ತು ಗಂಟೆಗೇ ಎರಡು ಲೋಟ ವೈನ್ ಇಳಿಸಿ ಕೂತಿದ್ದ ಗಂಡ ಅನ್ಶೆಲ್, ಹಬ್ಬದ ದಿನ ಕುಡಿಯಬೇಕು ಅನ್ನುವ ಒಂದು ಕಟ್ಟಳೆಯನ್ನಷ್ಟೇ ಅವನು ಜೀವಮಾನದಲ್ಲಿ ಚಾಚೂ ತಪ್ಪದೆ ಪಾಲಿಸಿದವನು. ಅಲ್ಲ ಕಣೇ, ನಿನ್ನ ಭಾವ ಲೇಬಿಷ್‌ಗೇನು ಸೂತಕಾನಾ, ಅತ್ತೆ ಸತ್ರೆ ಅಳಿಯನಿಗೆ ಸೂತಕ ಇಲ್ಲ, ನನಗೂ ಇಲ್ಲ, ನಾನು ಲೇಬಿಷ್‌ಗೆ ಒಂದು ತಟ್ಟೆ ಕಳಿಸಿದ್ರೆ ಯಾರೇನು ಅಂತಾರೆ. ಕಳಿಸು, ಯಾರ ಕೈಲಿ ಕಳಿಸ್ತೀಯಾ. ನಿನ್ನ ಕೈಲೇ. ನಾನು ಹೋಗಲ್ಲ. ನೀನಾಗಿ ಹೋಗ್ತಿಲ್ಲವಲ್ಲ, ನಾನು ಕಳಿಸ್ತಿರೋದು, ನೀನು ಬರೀ ಹೊರೋಳು, ಕತ್ತೆ ಹೊತ್ತ ಹಾಗೆ. ಕತ್ತೆ ಯಾರು ಅಂತ ಬೀದೀಲಿ ಕೇಳಿ ನೋಡು, ಎಂದಳು ಪೆಸ್ಯ, ಆದರೆ ಕೈ ಆಗಲೇ ಒಳ್ಳೆಯ ತಟ್ಟೆ ಹುಡುಕುತ್ತಿತ್ತು, ನೀಲಿ ಅಂಚಿನದು, ಅಮ್ಮನದು, ಬೇಡ, ಅದು ಬೇಡ, ಬಿಳಿಯದು ಸಾಕು. ಒಂದು ಸೇಬು, ಒಂದು ಬಾಟಲಿ ದ್ರಾಕ್ಷಿರಸ, ಆರು ಹಾಮಾನನ ಕಿವಿ, ಹಬ್ಬದ ಕಥೆಯ ದುಷ್ಟ ಮಂತ್ರಿಯ ಹೆಸರಿನ ತಿಂಡಿ — ಮೂರು ಮೂಲೆ ಮಡಚಿ ಹೂರಣ ತುಂಬಿ ಸುಟ್ಟಿದ್ದು, ಪ್ಲಮ್ ಹೂರಣದ್ದು, ಪೆಸ್ಯಳ ಮನೆಯಲ್ಲಿ ಪ್ಲಮ್ ಬಿಟ್ಟು ಬೇರೆ ಇಲ್ಲ. ಆರು ಇಟ್ಟಳು, ಎರಡು ತೆಗೆದಳು, ಮತ್ತೆ ಎರಡೂ ಇಟ್ಟಳು. ಈ ಕಿವಿಯನ್ನೇ ಅಲ್ಲವೇ ಅಕ್ಕ ಹೇಳಿದ್ದು. ಕಳೆದ ವರ್ಷ, ಅಮ್ಮ ಹೋದ ಮೂರನೇ ದಿನ, ಕನ್ನಡಿಗೆ ಬಟ್ಟೆ ಮುಚ್ಚಿದ ಕೋಣೆಯಲ್ಲಿ, ಸೂತಕದ ತಗ್ಗು ಕುರ್ಚಿಗಳಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದಾಗ, ಎದುರಿಗೆ ಹದಿನೈದು ಹೆಂಗಸರು, ಶಿಫ್ರಾ ದನಿ ಏರಿಸಲೂ ಇಲ್ಲ — ಡಾಕ್ಟರು ಬೇಡ ಅಂದಿದ್ರು, ಇವಳು ತನ್ನ ಕೈಯಾರೆ ತಿನ್ನಿಸಿದ್ಲು, ಇವಳ ಕೈ ತುತ್ತೇ ಅಮ್ಮನ್ನ ತಗೊಂಡು ಹೋಯ್ತು. ಹದಿನೈದೂ ಮುಖ ಒಟ್ಟಿಗೆ ತಿರುಗಿದವು. ಆಮೇಲೆ ನಾಲ್ಕು ದಿನ ಅದೇ ಪಕ್ಕದ ಕುರ್ಚಿ, ಅಕ್ಕನ ಮೊಣಕೈ ತಾಗುತ್ತಿತ್ತು, ಎದ್ದು ಹೋಗುವಂತಿಲ್ಲ, ಏಳು ದಿನ ಕೂರಲೇಬೇಕು.

ಬೀದಿಗೆ ಇಳಿದರೆ ಕಿವಿ ಕಿತ್ತುಹೋಗುವಷ್ಟು ಗದ್ದಲ, ಪಟಾಕಿ ಪಿಸ್ತೂಲು, ಯಾರದೋ ಬಾಲ್ಕನಿಯಿಂದ ತಗಡಿನ ಸ್ಪೀಕರು, ಗಡ್ಡ ಅಂಟಿಸಿಕೊಂಡ ಹುಡುಗಿ, ಕರಡಿ ವೇಷವೊಂದು ಬಸ್ ಸ್ಟಾಪಿನಲ್ಲಿ ಸಿಗರೇಟು ಸೇದುತ್ತಿದೆ, ಉಳಿದ ಊರುಗಳಲ್ಲಿ ನಿನ್ನೆಯೇ ಮುಗಿದ ಹಬ್ಬ, ಯೆರೂಸಲೇಮಿಗೆ ಮಾತ್ರ ಇವತ್ತು, ಅದಕ್ಕೇ ನಿನ್ನೆ ಅಲ್ಲಿ ಕುಡಿದವರೆಲ್ಲ ಇವತ್ತು ಇಲ್ಲಿಗೆ ಬಂದು ಕುಡಿಯುತ್ತಾರೆ. ತಟ್ಟೆಯ ಮೇಲಿನ ಬಟ್ಟೆ ಗಾಳಿಗೆ ಏಳುತ್ತಿದೆ, ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಹೋಗಿ ಏನಂತ ಹೇಳುವುದು, ಇದು ನಿನಗಲ್ಲ ಅಂತಲೇ ಶುರು ಮಾಡಬೇಕು, ವರ್ಷದ ಮೇಲೆ ಅಕ್ಕನ ಮುಖ ನೋಡಿ ಮೊದಲ ಮಾತು ಇದು ನಿನಗಲ್ಲ. ಎಂಬತ್ತಾರು ವರ್ಷ ಆಗಿತ್ತಲ್ಲ ಅಮ್ಮನಿಗೆ. ನುಂಗುವುದು ಮರೆತಿತ್ತು ಗಂಟಲಿಗೆ, ನೀರನ್ನೂ ಗಂಜಿಯ ಹಾಗೆ ಗಟ್ಟಿ ಮಾಡಿ ಚಮಚದಲ್ಲಿ ಕುಡಿಸಬೇಕಿತ್ತು, ಗಟ್ಟಿ ಪದಾರ್ಥ ಒಂದು ಚೂರೂ ಬೇಡ ಎಂದಿದ್ದರು ಡಾಕ್ಟರು, ಇಬ್ಬರು ಹೆಣ್ಣುಮಕ್ಕಳನ್ನೂ ಎದುರಿಗೆ ನಿಲ್ಲಿಸಿಕೊಂಡು. ನಾಲಗೆ ಮಾತ್ರ ಏನೂ ಮರೆತಿರಲಿಲ್ಲ. ಕಳೆದ ವರ್ಷ ಇದೇ ದಿನ ಅಮ್ಮ ಶುರು ಮಾಡಿದಳು, ಪೂರಿಮ್ ದಿನವೂ ಗಂಜಿ ಕುಡಿಸ್ತಾಳೆ ನನ್ನ ಮಗಳು, ಹಾಮಾನನ್ನ ಗಲ್ಲಿಗೇ ಹಾಕಿದ್ರು, ಅವನಿಗೂ ಗಂಜಿ ಕುಡಿಸಿರಲಿಲ್ಲ. ಅಮ್ಮಾ, ಡಾಕ್ಟರು ಬೇಡ ಅಂದಿದ್ದಾರೆ. ಡಾಕ್ಟರಿಗೆ ಎಷ್ಟು ವಯಸ್ಸೇ. ನಲವತ್ತಿರಬಹುದು. ನಲವತ್ತರ ಮಗೂನ ಮಾತು ಕೇಳಿ ನನ್ನ ಬಾಯಿ ಕಟ್ತೀಯಾ, ಒಂದು ಮೂಲೆ ಮುರಿದು ಕೊಡೇ, ಬರೀ ಮೂಲೆ. ಮಧ್ಯಾಹ್ನ ಮೂರು ಗಂಟೆ, ಕಿಟಕಿಯಿಂದ ಬಿಸಿಲು ಅಮ್ಮನ ಮೊಣಕಾಲ ಮೇಲೆ, ಹೊರಗೆ ಇದೇ ಗದ್ದಲ, ಪೆಸ್ಯ ಮೂಲೆ ಮುರಿದಳು, ಬೆರಳ ತುದಿಯಷ್ಟು, ಪ್ಲಮ್ ಅಂಟಿದ ಮೂಲೆ, ಕೊಟ್ಟಳು. ಅಮ್ಮ ಕಣ್ಣು ಮುಚ್ಚಿ ಅದನ್ನು ಎಷ್ಟೋ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದಳು. ಸಂಜೆ ಕೆಮ್ಮು, ಹೊತ್ತು ಮುಳುಗುವ ಮೊದಲೇ ಜ್ವರ, ಎದೆಗೆ ಆಹಾರ ಇಳಿದಿದೆ ಅಂದರು ಆಸ್ಪತ್ರೆಯಲ್ಲಿ, ಹನ್ನೆರಡನೇ ದಿನ ಎಲ್ಲ ಮುಗಿಯಿತು. ಬೆರಳ ತುದಿಯಷ್ಟು. ವರ್ಷವಿಡೀ ಇವಳು ಅದನ್ನು ಅಳೆದಿದ್ದಾಳೆ, ಪಾತ್ರೆ ತೊಳೆಯುವಾಗ ಅಳೆದಿದ್ದಾಳೆ, ಪ್ರಾರ್ಥನೆಯ ನಡುವೆ ಅಳೆದಿದ್ದಾಳೆ, ಇಷ್ಟೇ, ಇಷ್ಟಕ್ಕೆ ಸಾಯುತ್ತಾರೆಯೇ, ಸಾಯುತ್ತಾರೆ, ಸತ್ತಳಲ್ಲ. ದಾರಿ ಬಿಡಮ್ಮ, ಯಾರೋ ಹಿಂದಿನಿಂದ, ಮೂಲೆಯ ದಿನಸಿ ಅಂಗಡಿಯ ಮುಂದೆ ಸಾಲು, ಬಾಗಿಲಲ್ಲೇ ಗೋಣಿ ಬಾಯಿ ಬಿಚ್ಚಿ ನಿಲ್ಲಿಸಿದ್ದಾನೆ, ಬಾದಾಮಿ, ಅಕ್ರೋಟು, ಕರಿ ಗಸಗಸೆ ಗುಡ್ಡೆ, ಅಂಗಡಿಯವ ಯಂತ್ರಕ್ಕೆ ಸುರಿದು ಬೀಸಿ ಕೊಡುತ್ತಿದ್ದಾನೆ, ಹಬ್ಬದ ದಿನ ಬೆಳಿಗ್ಗೆ ಎದ್ದು ಹೂರಣಕ್ಕೆ ಓಡಿಬಂದ ಸೋಮಾರಿ ಸೊಸೆಯರು, ಆ ಹಸಿ ಎಣ್ಣೆಯ ವಾಸನೆ ಮೂಗಿಗೆ ಅಂಟಿತು, ಪೆಸ್ಯ ಉಸಿರು ಬಿಗಿಹಿಡಿದು ದಾಟಿದಳು, ಜೀವಮಾನದಲ್ಲಿ ಅವಳು ಗಸಗಸೆ ಕೊಂಡವಳಲ್ಲ, ಅನ್ಶೆಲನ ಕಟ್ಟಿಸಿದ ಹಲ್ಲಿನ ಕೆಳಗೆ ಒಂದು ಕಾಳು ಸಿಕ್ಕಿಕೊಂಡರೆ ಮೂರು ದಿನ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ. ಗಸಗಸೆ ಅಕ್ಕನದು. ಮೊದಲಿಂದಲೂ ಹಾಗೆಯೇ, ಅಮ್ಮ ಹಂಚಿಕೊಟ್ಟ ಹಾಗೆ, ದೊಡ್ಡವಳಿಗೆ ಗಸಗಸೆ, ಚಿಕ್ಕವಳಿಗೆ ಪ್ಲಮ್, ಬೀದಿಯ ಹೆಂಗಸರು ಶಿಫ್ರಾಳ ಗಸಗಸೆ ಕಿವಿಗೆ ಕಾಯುತ್ತಿದ್ದರು, ಪ್ಲಮ್‌ಗೆ ಯಾರೂ ಅಷ್ಟು ಕಾಯುತ್ತಿರಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ತಿರುಗಿ ಹೋಗಿಬಿಡಲೇ. ಮನೆಯಲ್ಲಿ ಯಾರೂ ಇರಲಿಲ್ಲ ಅಂದರೆ ಅನ್ಶೆಲ್ ನಂಬುತ್ತಾನೆ, ಇಷ್ಟು ಹೊತ್ತಿಗೆ ಅವನು ಏನು ಹೇಳಿದರೂ ನಂಬುತ್ತಾನೆ.

ಮೆಟ್ಟಿಲು ಹತ್ತುವಾಗ ಎಣಿಸಿದಳು, ಹದಿನೆಂಟು, ತಿರುವು, ಮತ್ತೆ ಹದಿನೆಂಟು, ಬಾಗಿಲು ಬಡಿದೇಬಿಟ್ಟಳು, ಬಾಗಿಲು ತೆರೆಯಿತು. ಶಿಫ್ರಾ. ಇಳಿದುಹೋಗಿದ್ದಾಳೆ. ಕತ್ತಿನ ಹತ್ತಿರ ರವಿಕೆ ಜೋಲುತ್ತಿದೆ, ತಲೆಗೆ ಕಟ್ಟಿದ ವಸ್ತ್ರ ಹಳೆಯದು, ಹಬ್ಬದ್ದಲ್ಲ. ಕೆಳಗಿನ ಮನೆಯಲ್ಲಿ ಯಾರೋ ಮೇಜು ಬಡಿದು ಹಾಡುತ್ತಿದ್ದರು. ಇದು ನಿನಗಲ್ಲ, ಎಂದಳು ಪೆಸ್ಯ. ಗೊತ್ತು. ಭಾವನಿಗೆ. ಸರಿ. ನಾನು ಕೊಡ್ತಿಲ್ಲ, ಅನ್ಶೆಲ್ ಕೊಡ್ತಿರೋದು. ನಿನ್ನ ಭಾವ ಮಲಗಿದ್ದಾರೆ, ಬೆಳಿಗ್ಗೆಯಿಂದ ಕುಡಿದು. ಅವನೂ ಕುಡಿದೇ ಕಳಿಸಿದ್ದು. ಶಿಫ್ರಾಳ ತುಟಿ ಒಂದಿಷ್ಟು ಅಲುಗಿತು, ನಗು ಬರಬಹುದಿತ್ತು, ಬರಲಿಲ್ಲ, ಕುಡಿದವನು ಕೊಟ್ಟಿದ್ದನ್ನ ಕುಡಿದವನು ಎದ್ದ ಮೇಲೆ ಇಸ್ಕೋತಾನೆ, ಒಳಗಿಡು, ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ತೀಯಾ. ಒಳಗೆ. ಒಂದು ವರ್ಷದ ಮೇಲೆ ಅಕ್ಕನ ಅಡುಗೆಮನೆ, ಅದೇ ಹಸಿರು ಟೈಲ್ಸು, ಅದೇ ಸೋರುವ ನಲ್ಲಿ, ಗೋಡೆಗೆ ಅಮ್ಮನ ಲಟ್ಟಣಿಗೆ ನೇತುಹಾಕಿದ್ದಾಳೆ, ಇದು ಇಲ್ಲಿಗೆ ಯಾವಾಗ ಬಂತು, ಕೇಳಬಾರದು, ಈಗ ಬೇಡ. ಮೇಜಿನ ಮೇಲೆ ಹಂಚಲು ಸಿದ್ಧವಾದ ತಟ್ಟೆಗಳು, ಸಾಲಾಗಿ, ಶಿಫ್ರಾಳ ಕೈಯ ಅಚ್ಚುಕಟ್ಟು, ಪ್ರತಿ ತಟ್ಟೆಯಲ್ಲೂ ನಾಲ್ಕು ಬಗೆಯ ಕಿವಿ, ಖರ್ಜೂರ, ಚಾಕೊಲೇಟು, ಏಪ್ರಿಕಾಟು, ಮತ್ತೆ — ಪ್ಲಮ್. ಪ್ಲಮ್ ಮಾಡಿದ್ದಾಳೆ. ಪೆಸ್ಯ ಎರಡು ಸಲ ನೋಡಿದಳು. ಕಪ್ಪು ಹೂರಣ ಒಂದರಲ್ಲೂ ಇಲ್ಲ.

ಗಸಗಸೆ ಮಾಡಲಿಲ್ವಾ ಅಕ್ಕ ಈ ಸಲ, ಎಂದು ಬಾಯಿ ತಾನೇ ಕೇಳಿತು, ಮಾತಿಗೊಂದು ಮಾತು ಬೇಕಿತ್ತು ಅಷ್ಟೇ. ಸಿಗಲಿಲ್ಲ, ಎಂದಳು ಶಿಫ್ರಾ, ಎಲ್ಲ ಅಂಗಡೀಲೂ ಕೇಳಿದೆ, ಈ ವರ್ಷ ಗಸಗಸೆನೇ ಬಂದಿಲ್ವಂತೆ. ಹೇಳಿ ಮೇಜು ಒರೆಸತೊಡಗಿದಳು, ಒರೆಸಿದ್ದ ಮೇಜನ್ನೇ, ಒಂದೇ ಕಡೆ, ಗುಂಡಗೆ. ಗೋಣಿ ತುಂಬ ಇದೆಯಲ್ಲ ಮೂಲೆ ಅಂಗಡಿಯಲ್ಲಿ, ಆ ವಾಸನೆ ಇನ್ನೂ ಮೂಗಿನಲ್ಲಿದೆ, ಇವಳ ಮನೆಗೆ ಅದೇ ಹತ್ತಿರದ ಅಂಗಡಿ, ಸುಳ್ಳು ಯಾಕೆ ಹೇಳುತ್ತಿದ್ದಾಳೆ ಇವಳು, ಇವಳಿಗೆ ಸುಳ್ಳು ಹೇಳಲು ಬರುವುದೇ ಇಲ್ಲ, ನಲವತ್ತು ವರ್ಷ ಬಿಡದೆ ಮಾಡಿದವಳು, ಬಿಡುವುದಿದ್ದರೆ ಪ್ಲಮ್ ಬಿಡಬೇಕಿತ್ತು, ನನ್ನ ಪ್ಲಮ್ ಅಲ್ಲವೇ ಅಮ್ಮನ್ನ ಕೊಂದಿದ್ದು, ಅದನ್ನು ಮಾಡಿದ್ದಾಳೆ, ಅದಕ್ಕೆ ಹೆದರಿಲ್ಲ, ಗಸಗಸೆಗೆ ಯಾಕೆ — ಅರ್ಧ ಗಂಟೆ. ನೀನು ಹೋಗಿ ತಟ್ಟೆ ಹಂಚಿ ಬಾ, ಅಮ್ಮನ ಹತ್ರ ನಾನು ಕೂತಿರ್ತೀನಿ, ಅಂದಿದ್ದಳಲ್ಲ ಇವಳು ಕಳೆದ ವರ್ಷ, ಎರಡೂವರೆಗೆ, ಪೆಸ್ಯ ಹೋಗಿದ್ದಳು, ವಾಪಸು ಬಂದಾಗ ಇವಳು ಅವಸರದಲ್ಲಿ ಕೋಟು ಹಾಕಿಕೊಂಡು ಹೊರಟಿದ್ದಳು, ಅಮ್ಮ ನಗುತ್ತಿದ್ದಳು, ಮೂರು ಗಂಟೆ, ಮೂಲೆ ಮುರಿಯುವ ಮೊದಲು ಅಮ್ಮನ ಕತ್ತಿಗೆ ಬಟ್ಟೆ ಕಟ್ಟಲು ಗಲ್ಲ ಎತ್ತಿದ್ದಳು ಪೆಸ್ಯ, ತುಟಿಯ ತುದಿಯಲ್ಲಿ ಒಂದು ಕಪ್ಪು ಕಾಳು, ಏನೋ ಕಸ ಎಂದು ಹೆಬ್ಬೆರಳಿನಿಂದ ಒರೆಸಿದ್ದಳು, ಇದೇ ಹೆಬ್ಬೆರಳು. ಗಸಗಸೆ ಕಾಳು, ಇವಳೂ ಕೊಟ್ಟಿದ್ದಾಳೆ. ನನಗಿಂತ ಮೊದಲೇ ಕೊಟ್ಟಿದ್ದಾಳೆ. ಕೊಟ್ಟು, ಗೊತ್ತಿದ್ದೂ ಗೊತ್ತಿದ್ದೂ ಹದಿನೈದು ಹೆಂಗಸರ ಎದುರು — ಮೈಯೆಲ್ಲ ಉರಿಯಿತು ಪೆಸ್ಯಳಿಗೆ, ಒಂದು ವರ್ಷ ಅಕ್ಕ, ಒಂದು ವರ್ಷ ನಾನು ನನ್ನ ಕೈಯನ್ನೇ ನೋಡಲಾರದೆ ಬದುಕಿದ್ದೇನೆ, ಹೇಳಿಬಿಡಬೇಕು, ಈಗಲೇ, ನಿನ್ನ ಭಾವನನ್ನೂ ಎಬ್ಬಿಸು, ಅಲ್ಲ ನನ್ನ ಭಾವನನ್ನ, ಅವರೂ ಕೇಳಲಿ, ನಾಲಗೆಯ ಮೇಲೇ ಇದೆ ಮಾತು. ಶಿಫ್ರಾಳ ಕೈ ಇನ್ನೂ ಒರೆಸುತ್ತಿದೆ. ಬೆರಳುಗಳು ಎಷ್ಟು ತೆಳ್ಳಗಾಗಿವೆ, ಮದುವೆಯ ಉಂಗುರಕ್ಕೆ ದಾರ ಸುತ್ತಿದ್ದಾಳೆ, ಬಿದ್ದುಹೋಗಬಾರದೆಂದು. ಇವಳೂ ಅಳೆದಿದ್ದಾಳೆ. ಇಷ್ಟೇ, ಬೆರಳ ತುದಿಯಷ್ಟೇ, ಇದೇ ಮೇಜಿನ ಹತ್ತಿರ ನಿಂತು ಅಳೆದಿದ್ದಾಳೆ, ನನಗಾದರೂ ಬೈಯುವುದಕ್ಕೆ ಇವಳಿದ್ದಳು, ಇವಳಿಗೆ ಯಾರಿದ್ದರು, ಇವಳದು ಯಾರಿಗೂ ಗೊತ್ತಾಗುವಂತೆಯೂ ಇರಲಿಲ್ಲ. ಯಾರದು ಇಳಿಯಿತೋ ಎದೆಗೆ, ಇವಳದೋ ನನ್ನದೋ, ಯಾವ ಡಾಕ್ಟರು ಹೇಳುತ್ತಾನೆ. ಪಾಪ, ನನ್ನ ಅಕ್ಕ, ಎಂದುಕೊಂಡಳು ಪೆಸ್ಯ, ಸಿಟ್ಟು ಹೋಗಿರಲಿಲ್ಲ, ಸಿಟ್ಟಿನ ಜೊತೆಗೇ ಅನ್ನಿಸಿತು. ಹೌದಕ್ಕ, ಎಂದಳು, ನಾನೂ ಕೇಳಿದೆ, ಎಲ್ಲೂ ಇಲ್ಲ ಈ ವರ್ಷ ಗಸಗಸೆ. ಶಿಫ್ರಾಳ ಕೈ ನಿಂತಿತು. ತಂಗಿ ಹುಟ್ಟಿದಾರಭ್ಯ ಗಸಗಸೆ ಕೊಂಡವಳಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ತಲೆ ಎತ್ತಿದಳು, ಕಣ್ಣು ಕಣ್ಣಿಗೆ ಸಿಕ್ಕಿತು, ಬಿಡಲಿಲ್ಲ, ಕೆಳಮನೆಯ ಹಾಡು ನಿಂತಿದೆಯೋ ಪೆಸ್ಯಳಿಗೇ ಕೇಳಿಸುತ್ತಿಲ್ಲವೋ, ನೀನೂನಾ, ಎಂದು ಯಾರು ಅಂದರು, ಯಾರೂ ಅನ್ನಲಿಲ್ಲ, ಕೂತ್ಕೋ ಪೆಸ್ಯ, ಅಂದಳು ಅಕ್ಕ, ಕುರ್ಚಿ ಎಳೆದಳು, ಪೆಸ್ಯ ಕೂತಳು, ಏನಾದರೂ ಯೋಚಿಸಬೇಕು, ತಟ್ಟೆ, ಭಾವ, ಮನೆಗೆ ಹೋಗುವ ದಾರಿ, ಯಾವುದೂ ಬರುತ್ತಿಲ್ಲ, ಅಮ್ಮ ಬಂದಿದ್ದಾಳೆ, ಬಿಸಿಲಿನಲ್ಲಿ ಕೂತಿದ್ದಾಳೆ, ಇಬ್ಬರು ಹೆಣ್ಣುಮಕ್ಕಳನ್ನೂ ಒಂದೇ ಮಧ್ಯಾಹ್ನ ಗೆದ್ದ ನಗು, ತುಟಿಯ ತುದಿಯಲ್ಲಿ ಒಂದು ಕಪ್ಪು ಕಾಳು, ಇನ್ನೂ ಬೇಕು ಅನ್ನುವ ಹಾಗೆ ಬಾಯಿ ತೆರೆಯುತ್ತಾಳೆ, ತುಟಿಯ ತುದಿಯಲ್ಲಿ ಕಪ್ಪು ಕಾಳು, ಕಪ್ಪು ಕಾಳು —