ಅಜ್ಜಿ ಹೂಂ ಅನ್ನದ ಆಪರೇಷನ್

ಚಿಕ್ಕಹನುಮಕ್ಕನ ಕತೆಗಳಿಗೊಂದು ಕಟ್ಟಳೆಯಿತ್ತು. ಕೇಳುವವರು ಮಾತುಮಾತಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು. ರಾಜಕುಮಾರಿ ಬಾವಿಯ ಅರ್ಧಕ್ಕೆ ಇಳಿದಿದ್ದರೂ ಸರಿ, ಹಗ್ಗ ಹಿಡಿದು ನೇತಾಡುತ್ತಲೇ ಇರಬೇಕು. ದೊಡ್ಡೇರಿ ಪಕ್ಕದ ಅವರ ಹಳ್ಳಿಯಲ್ಲಿ ಮೊಮ್ಮಗಳು ರಾಧಾಮಣಿ ಹಾಗೆ ಎಷ್ಟು ರಾಜಕುಮಾರಿಯರನ್ನು ನೇತಾಡಲು ಬಿಟ್ಟು ನಿದ್ದೆಹೋಗಿದ್ದಳೋ ಲೆಕ್ಕವಿಲ್ಲ.

ಈಗ ಅವಳಿಗೆ ಇಪ್ಪತ್ಮೂರು. ಮಧುಗಿರಿ ಕೋರ್ಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಕೈಗೆ ಬಂದ ಕಾಗದವನ್ನೆಲ್ಲ ಓದಿಯೇ ಮೆಷಿನ್ನಿಗಿಡುವುದು ಅವಳ ಚಟ. ಊರವರ ಪಾಲುಪಟ್ಟಿ, ಜಗಳ, ಮದುವೆ ಎಲ್ಲ ಅವಳಿಗೆ ಗೊತ್ತು. ಗೊತ್ತಿಲ್ಲದ್ದೊಂದೇ, ಅಜ್ಜಿಯ ಬಲಗಣ್ಣಿಗೆ ಏನಾಯಿತೆನ್ನುವುದು.

ಹೋದ ವರ್ಷ ಹುಣಸೆ ಸುಗ್ಗಿ ಶುರುವಾಗುವ ಹೊತ್ತಿಗೆ ಶಿರಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಜ್ಜಿಗೆ ಕಣ್ಣಿನ ಪೊರೆ ತೆಗೆದಿದ್ದರು. ಮಂಜಾದ ಕಣ್ಣಿಟ್ಟುಕೊಂಡು ಹೋದವಳು ಕತ್ತಲಾದ ಕಣ್ಣಿಟ್ಟುಕೊಂಡು ಬಂದಳು. "ವಯಸ್ಸಾಯ್ತಲ್ಲ ಅಜ್ಜಿ" ಎಂದರು ಆಸ್ಪತ್ರೆಯವರು. ಮನೆಯವರೂ ಹೌದೆಂದರು. ಅಜ್ಜಿ ಮಾತ್ರ ಒಂದೇ ಪ್ರಶ್ನೆಯನ್ನು ವರ್ಷವಿಡೀ ಕೇಳುತ್ತಿದ್ದಳು.

"ಬೆಳಿಗ್ಗೆ ಒಳೀಕ್ ಕರ್ಕೊಂಡೋದ್ರು, ಪೊರೆ ತೆಗುದ್ರು, ಸರಿ. ಸಂಜೀಗೆ ಇನ್ನೊಂದ್ ಕಿತ ಯಾಕ್ ಕರ್ಕೊಂಡೋದ್ರು?"

ಉತ್ತರ ಹುಡುಕೋಣವೆಂದರೆ ಕಾಗದವೇ ಇಲ್ಲ. ಆಸ್ಪತ್ರೆಯ ಕಾಗದ ಮನೆಯೊಳಗಿದ್ದರೆ ರೋಗ ಹೊಸಿಲು ದಾಟಿ ಹೋಗದೆಂದು, ಅಜ್ಜಿಯೇ ಅದನ್ನು ನಿಂಬೆಹಣ್ಣಿನ ಜೊತೆ ತಲೆಗೆ ನಿವಾಳಿಸಿ ಇಳಿ ತೆಗೆದುಕೊಂಡು ಮೂರುದಾರಿ ಕೂಡುವಲ್ಲಿಟ್ಟು, ಹಿಂದಿರುಗಿ ನೋಡದೆ ಬಂದಿದ್ದಳು.

ದೀಪಾವಳಿ ಕಳೆದ ವಾರ ವಕೀಲೆ ಸರ್ವಮಂಗಳಾ ಜೆರಾಕ್ಸಿಗೆ ಬಂದಾಗ ರಾಧಾಮಣಿ ತಡೆಯಲಾರದೆ ಕೇಳಿದಳು.

"ಮೇಡಂ, ಆಸ್ಪತ್ರೆ ಕಾಗ್ದ ಬಿಸಾಕ್ಬುಟ್ರೆ ಮತ್ತೆ ಸಿಗ್ತದಾ?"

"ಯಾರು ಬಿಸಾಕಿದ್ದು?"

"ನಮ್ಮಜ್ಜಿ. ಇಳಿ ತೆಗ್ದು ಮೂರ್ದಾರೀಲಿ ಇಟ್ಬುಟ್ಟು ಬಂದೌಳೆ."

ಸರ್ವಮಂಗಳಾ ನಕ್ಕುಬಿಟ್ಟರು. "ರೋಗ ಹೋಯ್ತೋ ಇಲ್ವೋ, ಸಾಕ್ಷಿ ಹೋಯ್ತು ನೋಡು! ಹೋಗ್ಲಿ ಬಿಡು, ಅವರ ಹತ್ರ ಒಂದು ಫೈಲ್ ಇರುತ್ತೆ. ಮೂರು ವರ್ಷ ಇಟ್ಟಿರಬೇಕು. ರೋಗಿ ಕೇಳಿದ್ರೆ ಎಪ್ಪತ್ತೆರಡು ಗಂಟೇಲಿ ಪ್ರತಿ ಕೊಡಬೇಕು, ಅದು ಅವರ ಉಪಕಾರ ಅಲ್ಲ, ನಿಮ್ಮಜ್ಜಿ ಹಕ್ಕು. ಬಾಯಲ್ಲಿ ಕೇಳ್ಬೇಡ, ಬರ್ದು ಕೊಡು. ನಿನ್ನ ಪ್ರತಿಗೆ ಸೀಲ್ ಹಾಕಿಸ್ಕೋ. ಆಪರೇಷನ್ ಯಾವಾಗ ಆಗಿದ್ದು?"

"ಹೋದ್ವರ್ಷ, ಹುಣಸೆ ಸುಗ್ಗೀಲಿ."

"ಹಾಗಾದ್ರೆ ಬೇಗ. ಬರೋ ಸುಗ್ಗಿಗೆ ಎರಡು ವರ್ಷ ತುಂಬುತ್ತೆ, ದೂರು ಕೊಡೋಕೆ ಇರೋ ಗಡುವು ಅಷ್ಟೇ. ಆಮೇಲೆ ತುಮಕೂರಿನ ಗ್ರಾಹಕರ ಆಯೋಗದಲ್ಲಿ ಯಾಕೆ ತಡ ಅಂತ ಮೊದಲು ಅದಕ್ಕೇ ಉತ್ತರ ಹೇಳಬೇಕು."

ಆ ಸಂಜೆ ಅರ್ಜಿಗೆ ಹೆಬ್ಬೆಟ್ಟು ಒತ್ತುವಾಗ ಅಜ್ಜಿಗೆ ತಮಾಷೆ. ನಲವತ್ತು ಸುಗ್ಗಿ ಹುಣಸೆಹಣ್ಣು ಬಡಿದು, ನಾರು ಬಿಡಿಸಿ, ಬೀಜ ತೆಗೆದು ಸವೆದ ಬೆರಳು. ಹುಳಿ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಕಾಗದದ ಮೇಲೆ ಬಿದ್ದದ್ದು ಬರೀ ನೀಲಿ ಮಚ್ಚೆ.

"ರೇಷನ್ ಅಂಗ್ಡಿ ಮಿಷನ್ನಿಗೆ ನಾನು ಸತ್ತೋಗಿವ್ನಿ ಕಣಮ್ಮ. ಎಷ್ಟ್ ಒತ್ತುದ್ರೂ ಯಾರಿವ್ಳು ಅಂತದೆ. ನಿನ್ ಫೋನಿಗೆ ನಂಬರ್ ಬಂದ್ರೇನೇ ನಂಗೆ ರಾಗಿ."

ಶಿರಾದ ಆಸ್ಪತ್ರೆಯಲ್ಲಿ ದಾಖಲೆ ಕೋಣೆಯ ಗುಮಾಸ್ತ ರೇಣುಕಯ್ಯ ಕನ್ನಡಕದ ಮೇಲಿಂದ ನೋಡಿದ.

"ಹಳೇ ಫೈಲು ಯಾಕಮ್ಮ ಈಗ? ನಿಮ್ಮಜ್ಜಿಗೆ ಓದಕ್ ಬರ್ತದಾ?"

"ಬರಲ್ಲ ಸಾರ್. ಅದಕ್ಕೇ ನಾನು ಬಂದಿದ್ದು. ಇಲ್ಲೊಂದು ಸೀಲ್ ಹಾಕಿ."

ಸೀಲ್ ಬೀಳಲು ಒಂದು ಗಂಟೆ ಹಿಡಿಯಿತು. ಮೂರನೆಯ ದಿನ ಹೋದಾಗ ಇಪ್ಪತ್ತಾರು ಹಾಳೆ ಕೈಗೆ ಬಂತು.

ಮಧುಗಿರಿ ಬಸ್ಸಿನ ಕಿಟಕಿ ಪಕ್ಕ ಕೂತು ರಾಧಾಮಣಿ ಓದತೊಡಗಿದಳು. ಒಪ್ಪಿಗೆ ಪತ್ರ ಎರಡಿದ್ದವು. ಬೆಳಗಿನದು ಪೊರೆ ತೆಗೆಯಲು. ಸಂಜೆಯದು, ಒಳಗೆ ಹಾಕಿದ ಮಸೂರ ಜಾರಿದ್ದರಿಂದ ಮತ್ತೆ ಕಣ್ಣು ತೆರೆದು ಸರಿಪಡಿಸಲು: 'ಎಲ್ಲವನ್ನೂ ನನಗೆ ತಿಳಿಸಲಾಗಿದೆ, ಒಪ್ಪಿದ್ದೇನೆ.' ಎರಡರ ಕೆಳಗೂ ಚಿಕ್ಕಹನುಮಕ್ಕ ಎಂಬ ಹೆಸರು, ಹೆಸರಿನ ಪಕ್ಕ ಎಡಗೈ ಹೆಬ್ಬೆಟ್ಟು.

ಮೊದಲನೆಯದು ಮಚ್ಚೆ. ಎರಡನೆಯದರಲ್ಲಿ ಗೆರೆಯ ಪಕ್ಕ ಗೆರೆ, ದುಂಡಗೆ, ಈಗತಾನೇ ಉತ್ತ ಹೊಲದ ಸಾಲಿನಂತೆ.

ಜೆರಾಕ್ಸಿನ ದೋಷವಿರಬೇಕೆಂದು ಅವಳಿಗೆ ಮೊದಲು ಅನ್ನಿಸಿತು. ಶಾಯಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕೂರುವುದು ಅವಳಿಗೆ ದಿನಾ ಕಾಣುವ ಸಂಗತಿ. ಆದರೆ ಅಕ್ಷರಗಳು ಎರಡರಲ್ಲೂ ಒಂದೇ ಕಪ್ಪು. ಅಂಗಡಿಗೆ ಬಂದು ಗಾಜು ಒರೆಸಿ ಎರಡನ್ನೂ ನಾಲ್ಕುಪಟ್ಟು ದೊಡ್ಡದು ಮಾಡಿದಳು. ಮಚ್ಚೆ ದೊಡ್ಡ ಮಚ್ಚೆಯಾಯಿತು. ಗೆರೆಗಳು ಎಣಿಸುವಷ್ಟು ಸ್ಪಷ್ಟವಾದವು.

ಮನೆಯಲ್ಲಿ ಅಜ್ಜಿಯ ಎಡಗಣ್ಣಿಗೆ ಹತ್ತಿರ ಹಿಡಿದು ತೋರಿಸಿ, ಎರಡನ್ನೂ ಓದಿ ಹೇಳಿದಳು. ಅಜ್ಜಿ ತನ್ನ ಬೆರಳನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿದಳು.

"ಯಾರ್ದಜ್ಜಿ ಈ ಹೆಬ್ಬೆಟ್ಟು?"

"ಹುಣಸೆಹಣ್ಣು ಬಡೀದೋರ್ದು." ಹಾಳೆಯನ್ನು ಪಕ್ಕಕ್ಕೆ ಸರಿಸಿ ಅಂದಳು: "ನಾನು ಹೂಂ ಅನ್ನದೆಲೇ ಕತೆ ಮುಂದಕ್ಕೋಗ್ಬುಟ್ಟೈತಲ್ಲೇ!"

ಮರುದಿನ ಕೋರ್ಟಿನ ಉಚಿತ ಕಾನೂನು ನೆರವಿನ ಕೋಣೆಯಲ್ಲಿ ಅಜ್ಜಿ, ಮೊಮ್ಮಗಳನ್ನು ಎದುರು ಕೂರಿಸಿಕೊಂಡು ಸರ್ವಮಂಗಳಾ ಎರಡು ಹಾಳೆಗಳನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಜ್ಜಿ, ಇದ್ದದ್ದು ಇದ್ದಂಗೆ ಹೇಳ್ತೀನಿ. ಮಸೂರ ಒಳ್ಳೆ ಡಾಕ್ಟರ ಕೈಯಲ್ಲೂ ಜಾರಬಹುದು. ತಪ್ಪಾಗಿದೆಯೋ ಇಲ್ವೋ ಅಂತ ಇನ್ನೊಬ್ಬ ಕಣ್ಣಿನ ಡಾಕ್ಟರು ಫೈಲ್ ನೋಡಿ ಬರ್ದು ಕೊಡಬೇಕು. ಆದರೆ ಜಾರಿದೆ ಅಂತ ನಿಮಗೆ ಹೇಳದೆ, ಕೇಳದೆ ಇನ್ನೊಂದ್ಸಲ ಕೈ ಹಾಕಿದ್ರೆ, ಅದೇ ಬೇರೆ ತಪ್ಪು. ಗ್ರಾಹಕರ ಆಯೋಗಕ್ಕೆ ಹೋಗಬಹುದು, ವೈದ್ಯರ ಪರಿಷತ್ತಿಗೂ ದೂರು ಕೊಡಬಹುದು. ಹೆಬ್ಬೆಟ್ಟು ಬೇರೆಯವರದು ಅನ್ನೋದಕ್ಕೆ ಪೊಲೀಸರೂ ಇದ್ದಾರೆ."

"ನಂಗೆ ಯಾರ್ನೂ ಜೈಲಿಗಾಕೋ ಆಸೆ ಇಲ್ಲ ಕಣವ್ವ. ಆಯೋಗ್ದಾಗೆ ಅವ್ರು ಬಾಯ್ಬುಟ್ಟು ಹೇಳ್ಬೇಕಾ?"

"ಆಸ್ಪತ್ರೆಗೆ ನೋಟಿಸ್ ಹೋಗುತ್ತೆ. ಸುಮ್ಮನಿದ್ರೆ ಅವರಿಗೇ ನಷ್ಟ. ಉತ್ತರ ಬರ್ದು ಕೊಡ್ತಾರೆ."

"ಅಂಗಾರೆ ಅಲ್ಲೀಗೇ ಹೋಗನ."

ವಕೀಲೆ ವಕಾಲತ್ತಿನ ಹಾಳೆ ಮುಂದಿಟ್ಟು ಶಾಯಿ ಪ್ಯಾಡ್ ತೆರೆದರು. ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮೊದ್ಲು ಓದವ್ವ."

ಸರ್ವಮಂಗಳಾ ರಾಧಾಮಣಿಯ ಮುಖ ನೋಡಿದರು. ಅವಳು ನಗುತ್ತಿದ್ದಳು. ಓದತೊಡಗಿದರು. ನನ್ನ ಪರವಾಗಿ ಹಾಜರಾಗಲು. ಹೂಂ. ವಾದ ಮಾಡಲು. ಹೂಂ. ದಾಖಲೆ ಸಲ್ಲಿಸಲು. ಹೂಂ. ನನ್ನ ಪರವಾಗಿ ರಾಜಿ ಮಾಡಿಕೊಳ್ಳಲು.

ಅಜ್ಜಿ ಸುಮ್ಮನೆ ಕೂತಳು. ಫ್ಯಾನು ತಿರುಗುತ್ತಿತ್ತು. ಕತೆ ನೇತಾಡುತ್ತಿತ್ತು.

"ಅಜ್ಜಿ ಹೂಂ ಅಂದಿಲ್ಲ ಮೇಡಂ" ಅಂದಳು ರಾಧಾಮಣಿ.

ವಕೀಲೆ ಪೆನ್ನು ತೆಗೆದು, ಆ ಸಾಲಿನ ಮೇಲೆ 'ನನ್ನನ್ನು ಕೇಳಿ, ನಾನು ಒಪ್ಪಿದ ಮೇಲೆ' ಎಂದು ಸೇರಿಸಿ, ಮತ್ತೊಮ್ಮೆ ಮೊದಲಿನಿಂದ ಓದಿದರು.

"ಹೂಂ" ಅಂದಳು ಚಿಕ್ಕಹನುಮಕ್ಕ. ಹೆಬ್ಬೆರಳನ್ನು ಶಾಯಿಗೆ ಅದ್ದಿ ಹಾಳೆಯ ಮೇಲೆ ಒತ್ತಿ ಹಿಡಿದಳು. ತೆಗೆದಾಗ ಅಲ್ಲಿ ಒಂದು ಗೆರೆಯೂ ಇರಲಿಲ್ಲ.